ಟ್ರಯಂಫ್ ಸ್ಪಿಟ್‌ಫೈರ್ ಮಾರ್ಕ್ 3: ತಿರುವಿನ ನಡುವೆ ಹಿಂಭಾಗ ಜಾರುವುದನ್ನು ಸರಿಪಡಿಸುವುದು ಹೇಗೆ?

ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ನನ್ನ ಬಳಿ 1968ರ ಟ್ರಯಂಫ್ ಸ್ಪಿಟ್‌ಫೈರ್ ಮಾರ್ಕ್ 3 ಕಾರು ಇದೆ. ಎರಡು ವರ್ಷಗಳಿಂದ ಅದರಲ್ಲಿ ಹವ್ಯಾಸಿಗಳ ಆಟೊಕ್ರಾಸ್ (ಬಯಲಿನಲ್ಲಿ ಕೋನ್‌ಗಳ ನಡುವಿನ ಓಟ) ಮತ್ತು ಹಿಲ್ ಕ್ಲೈಂಬ್ (ಬೆಟ್ಟದ ರಸ್ತೆ ಏರುವ ಓಟ) ಸ್ಪರ್ಧೆಗಳಲ್ಲಿ ಭಾಗವಹಿಸುತ್ತಿದ್ದೇನೆ. 1296 ಸಿಸಿ ಎಂಜಿನ್ ಸುಸ್ಥಿತಿಯಲ್ಲಿದೆ, ಬ್ರೇಕುಗಳ ಬಗ್ಗೆಯೂ ದೂರಿಲ್ಲ. ತೊಂದರೆಯೆಲ್ಲ ತಿರುವುಗಳಲ್ಲಿ.

ವೇಗವಾಗಿ ತಿರುವಿಗೆ ನುಗ್ಗಿದ ಮೇಲೆ, ಅಂದಾಜು ತಪ್ಪಿತೆಂದು ಆಕ್ಸಿಲರೇಟರ್‌ನಿಂದ ಕಾಲು ತೆಗೆದರೆ, ಕಾರಿನ ಹಿಂಭಾಗ ಮೊದಲು ಸ್ವಲ್ಪ ಮೇಲೆದ್ದಂತಾಗಿ ಮರುಕ್ಷಣವೇ ಹೊರಕ್ಕೆ ಜಾರುತ್ತದೆ. ಜಾರುವ ಮುನ್ನ ಸ್ಟಿಯರಿಂಗ್‌ನಲ್ಲಿ ಯಾವ ಸೂಚನೆಯೂ ಸಿಗುವುದಿಲ್ಲ. ಕಳೆದ ಆಟೊಕ್ರಾಸ್‌ನಲ್ಲಿ ಹೀಗೆಯೇ ಪೂರ್ತಿ ಒಂದು ಸುತ್ತು ತಿರುಗಿ ನಿಂತೆ. ಅಲ್ಲಿ ಕೋನ್‌ಗಳನ್ನು ಬಿಟ್ಟರೆ ಬೇರೇನೂ ಇರಲಿಲ್ಲ. ಹಿಲ್ ಕ್ಲೈಂಬ್ ರಸ್ತೆಯಲ್ಲಾಗಿದ್ದರೆ ಏನಾಗುತ್ತಿತ್ತೆಂದು ನೆನೆದರೆ ಈಗಲೂ ಭಯವಾಗುತ್ತದೆ. ಆ ಕ್ಷಣದ ಫೋಟೊವನ್ನು ಗೆಳೆಯರೊಬ್ಬರು ತೆಗೆದಿದ್ದಾರೆ. ಹೊರಬದಿಯ ಹಿಂಚಕ್ರದ ಮೇಲ್ಭಾಗ ಹೊರಕ್ಕೆ ವಾಲಿ, ಬುಡ ಕಾರಿನ ಅಡಿಗೆ ಮಡಚಿಕೊಂಡು, ಟೈರು ತನ್ನ ಹೊರ ಅಂಚಿನ ಮೇಲಷ್ಟೇ ನಿಂತಿರುವುದು ಅದರಲ್ಲಿ ಸ್ಪಷ್ಟವಾಗಿ ಕಾಣುತ್ತದೆ.

ಕಳೆದ ವರ್ಷ ಜಗ್ಗಿಹೋಗಿದ್ದ ಹಿಂದಿನ ಲೀಫ್ ಸ್ಪ್ರಿಂಗ್ (ಉಕ್ಕಿನ ಪಟ್ಟಿಗಳ ಸ್ಪ್ರಿಂಗ್) ತೆಗೆದು ಹೊಸದನ್ನು ಹಾಕಿಸಿದೆ. ಅಂದಿನಿಂದ ಹಿಂಭಾಗ ಒಂದಿಷ್ಟು ಎತ್ತರವಾಗಿಯೇ ನಿಲ್ಲುತ್ತದೆ. ಟೈರುಗಳು 175/70 ಆರ್ 13. ನಾಲ್ಕರಲ್ಲೂ 30 ಪಿಎಸ್‌ಐ ಗಾಳಿ ಇಡುತ್ತೇನೆ. ಮುಂದಿನ ಆಂಟಿ-ರೋಲ್ ಬಾರ್ (ಎಡ ಬಲ ಚಕ್ರಗಳನ್ನು ಜೋಡಿಸಿ, ಕಾರು ಪಕ್ಕಕ್ಕೆ ಹೊರಳುವುದನ್ನು ತಡೆಯುವ ಸರಳು) ಮೂಲದ್ದೇ. ಕಾರು ಹೊರಳುವುದನ್ನು ಕಡಿಮೆ ಮಾಡಲು ಹಿಂದೆಯೂ ಒಂದು ದಪ್ಪ ಆಂಟಿ-ರೋಲ್ ಬಾರ್ ಹಾಕಿಸಿ, ಇನ್ನೂ ಗಡಸಾದ ಸ್ಪ್ರಿಂಗ್ ಕೂರಿಸಿ ಎಂದು ಕೆಲವರು ಹೇಳುತ್ತಿದ್ದಾರೆ. ಅದನ್ನು ಕೊಳ್ಳುವ ಮುನ್ನ ಈ ಕಾರನ್ನು ಬಲ್ಲವರ ಅಭಿಪ್ರಾಯ ತಿಳಿಯಬೇಕೆನಿಸಿತು.

ಮೊದಲ ಉತ್ತರ

ನಮಸ್ಕಾರ. ಹಿಂದಿನ ಆಂಟಿ-ರೋಲ್ ಬಾರ್ ದಯವಿಟ್ಟು ಕೊಳ್ಳಬೇಡಿ. ಬೇರೆ ಎಷ್ಟೋ ಕಾರುಗಳಿಗೆ ಒಪ್ಪುವ ಆ ಉಪಾಯ ನಿಮ್ಮ ಕಾರಿನಲ್ಲಿ ತೊಂದರೆಯನ್ನು ಹೆಚ್ಚಿಸುತ್ತದೆ. ಕಾರಣವನ್ನು ತುಸು ವಿವರವಾಗಿಯೇ ಬರೆಯುತ್ತೇನೆ. ಇದೊಂದು ಮನಸ್ಸಿಗೆ ಹತ್ತಿದರೆ ಮುಂದಿನ ನಿರ್ಧಾರಗಳು ಸುಲಭವಾಗುತ್ತವೆ.

ನಿಮ್ಮ ಕಾರಿನ ಹಿಂಬದಿಯಲ್ಲಿರುವುದು ಸ್ವಿಂಗ್ ಆಕ್ಸಲ್. ಪ್ರತಿ ಬದಿಯ ಆಕ್ಸಲ್ ಡಿಫರೆನ್ಶಿಯಲ್ (ಹಿಂಚಕ್ರಗಳಿಗೆ ಶಕ್ತಿ ಹಂಚುವ ಗೇರುಗಳ ಜೋಡಣೆ) ಪಕ್ಕದಲ್ಲಿರುವ, ಯುನಿವರ್ಸಲ್ ಜಾಯಿಂಟ್ ಎಂಬ ಒಂದೇ ಒಂದು ಕೀಲಿನ ಸುತ್ತ ಬಾಗಿಲಿನಂತೆ ಮೇಲೆ ಕೆಳಗೆ ಆಡುತ್ತದೆ, ಚಕ್ರವೂ ಅದರೊಂದಿಗೇ ವಾಲುತ್ತದೆ. ತಿರುವಿನಲ್ಲಿ ನೆಲವು ಹೊರಬದಿಯ ಟೈರನ್ನು ಒಳಮುಖವಾಗಿ ತಳ್ಳುತ್ತದೆ. ಆ ಬಲ ಹುಟ್ಟುವುದು ನೆಲಮಟ್ಟದಲ್ಲಿ, ಆದರೆ ಕೀಲು ಇರುವುದು ಅದಕ್ಕಿಂತ ಸಾಕಷ್ಟು ಮೇಲೆ. ಹಾಗಾಗಿ ಆ ಬಲದ ಒಂದು ಪಾಲು ಕೀಲನ್ನೇ, ಅಂದರೆ ಕಾರಿನ ಹಿಂಭಾಗವನ್ನೇ, ಜ್ಯಾಕ್ ಕೊಟ್ಟಂತೆ ಮೇಲೆತ್ತುತ್ತದೆ. ಹಿಂಭಾಗ ಎದ್ದಷ್ಟೂ ಚಕ್ರದ ಬುಡ ಒಳಕ್ಕೆ ಸೇರುತ್ತದೆ, ಟೈರಿನ ಹಿಡಿತ ತಪ್ಪುತ್ತದೆ. ಅದೇ ಹೊತ್ತಿಗೆ ನೀವು ಆಕ್ಸಿಲರೇಟರ್ ಬಿಟ್ಟರೆ ಭಾರವೂ ಮುಂದಕ್ಕೆ ಸರಿದು ಹಿಂಭಾಗ ಇನ್ನಷ್ಟು ಮೇಲೇಳುತ್ತದೆ. ನಿಮ್ಮ ಫೋಟೊದಲ್ಲಿ ಸೆರೆಯಾಗಿರುವುದು ಇದೇ.

ಆಂಟಿ-ರೋಲ್ ಬಾರ್ ಕೆಲಸ ಮಾಡುವುದು ಎರಡು ಚಕ್ರಗಳು ವಿರುದ್ಧ ದಿಕ್ಕಿಗೆ ಚಲಿಸಿದಾಗ ಮಾತ್ರ. ಹಿಂಭಾಗ ಮೇಲೇಳುವಾಗ ಎರಡೂ ಚಕ್ರಗಳು ಒಟ್ಟಿಗೇ ಕೆಳಗಿಳಿಯುತ್ತವೆ, ಆದ್ದರಿಂದ ಬಾರ್ ಅದನ್ನು ತಡೆಯುವುದೇ ಇಲ್ಲ. ಬದಲಿಗೆ ಒಳಬದಿಯ ಚಕ್ರದ ಭಾರವನ್ನು ಕಿತ್ತು ಹೊರಬದಿಯ ಚಕ್ರದ ಮೇಲೆ ಹೇರುತ್ತದೆ. ಒಳಬದಿಯ ಟೈರಿನ ಮೇಲಿನ ಬಲ ಕಾರನ್ನು ಕೆಳಕ್ಕೆಳೆದು ಸಮತೋಲ ಕೊಡುತ್ತಿರುತ್ತದೆ; ಅದನ್ನು ಹಗುರ ಮಾಡಿದರೆ ಎತ್ತುವ ಬಲವೇ ಗೆಲ್ಲುತ್ತದೆ. ಆದ್ದರಿಂದ ಸ್ವಿಂಗ್ ಆಕ್ಸಲ್ ಕಾರಿನಲ್ಲಿ ಹೊರಳುವಿಕೆಯನ್ನು ತಡೆಯುವ ಹೊಣೆ ಮುಂಭಾಗದ್ದಾಗಬೇಕು, ಹಿಂಭಾಗವನ್ನು ಆದಷ್ಟು ಸಡಿಲ ಬಿಡಬೇಕು. 1960ರ ದಶಕದಲ್ಲಿ ಅಮೆರಿಕದಲ್ಲಿ ಶುರುವಾದ ಫಾರ್ಮುಲಾ ವೀ ರೇಸಿಂಗ್‌ನಲ್ಲಿ ಫೋಕ್ಸ್‌ವ್ಯಾಗನ್ ಬೀಟಲ್‌ನ ಸ್ವಿಂಗ್ ಆಕ್ಸಲ್ಲನ್ನೇ ಬಳಸುವವರು ಇದನ್ನು ಕೊನೆಯ ಹಂತಕ್ಕೆ ಒಯ್ದು, ಹಿಂಬದಿಯಲ್ಲಿ ಹೊರಳುವಿಕೆಗೆ ತಡೆಯೇ ಇಲ್ಲದಂಥ ಸಸ್ಪೆನ್ಷನ್ ರೂಪಿಸಿಕೊಂಡರು. ಟ್ರಯಂಫ್ ಕೂಡ ಆ ದಾರಿಯಲ್ಲೇ ಸಾಗಿತು. 1970ರ ಮಾರ್ಕ್ 4ರಲ್ಲಿ ಬಂದ ಸ್ವಿಂಗ್ ಸ್ಪ್ರಿಂಗ್‌ನಲ್ಲಿ ಒಂದು ಪಟ್ಟಿಯಷ್ಟೇ ಡಿಫರೆನ್ಶಿಯಲ್ ಮೇಲೆ ಬಿಗಿಯಾಗಿ ಕೂರುತ್ತದೆ, ಉಳಿದವು ನಡುವಿನ ಕೀಲಿನ ಮೇಲೆ ತಕ್ಕಡಿಯಂತೆ ತೂಗುತ್ತವೆ. ಅದರ ಜೊತೆಗೇ ಮುಂದಿನ ಆಂಟಿ-ರೋಲ್ ಬಾರನ್ನು ದಪ್ಪ ಮಾಡಿದರು, ಸುಮಾರು 22 ಮಿಲಿಮೀಟರ್. ಸ್ವಿಂಗ್ ಸ್ಪ್ರಿಂಗ್ ಹಾಕುವುದಾದರೆ ಈ ದಪ್ಪ ಬಾರನ್ನೂ ಜೊತೆಗೇ ಅಳವಡಿಸಬೇಕು. ಬಾರ್ ಇಲ್ಲದೆ ಆ ಸ್ಪ್ರಿಂಗ್ ಮಾತ್ರ ಹಾಕಿದರೆ ಲೆಕ್ಕ ಕೂಡುವುದಿಲ್ಲ. ಹಳೆಯ ಡಿಫರೆನ್ಶಿಯಲ್‌ನ ಸ್ಟಡ್‌ಗಳು ಈ ಸ್ವಿಂಗ್ ಸ್ಪ್ರಿಂಗ್‌ಗೆ ನೇರವಾಗಿ ಹೊಂದುವುದಿಲ್ಲ ಎಂಬುದನ್ನೂ ಕೊಳ್ಳುವ ಮೊದಲೇ ಗಮನದಲ್ಲಿಡಿ.

ಇನ್ನು ಎತ್ತರದ ವಿಚಾರ. ನಿಮ್ಮ ತೊಂದರೆ ಇಷ್ಟು ತೀವ್ರವಾಗಿರುವುದಕ್ಕೆ ಕಳೆದ ವರ್ಷ ಹಾಕಿಸಿದ ಆ ಹೊಸ ಲೀಫ್ ಸ್ಪ್ರಿಂಗೇ ಮುಖ್ಯ ಕಾರಣವೆಂದು ನನ್ನ ಅನಿಸಿಕೆ. ಕೀಲಿನಿಂದ ಚಕ್ರಕ್ಕೆ ಇರುವ ದೂರ ಹೆಚ್ಚು ಕಡಿಮೆ ಅರ್ಧ ಮೀಟರ್. ಆ ಲೆಕ್ಕದಲ್ಲಿ ಕಾರು ಪ್ರತಿ 10 ಮಿಲಿಮೀಟರ್ ಎದ್ದಾಗಲೂ ಕ್ಯಾಂಬರ್, ಅಂದರೆ ಚಕ್ರ ವಾಲಿರುವ ಕೋನ, ಒಂದು ಡಿಗ್ರಿಗಿಂತ ಹೆಚ್ಚು ಬದಲಾಗುತ್ತದೆ. ಜಗ್ಗಿದ ಹಳೆಯ ಸ್ಪ್ರಿಂಗ್ ತನಗೆ ಅರಿವಿಲ್ಲದೆಯೇ ನಿಮಗೆ ನೆಗೆಟಿವ್ ಕ್ಯಾಂಬರ್ (ಚಕ್ರದ ಮೇಲ್ಭಾಗ ಒಳಕ್ಕೆ ವಾಲುವುದು; ಹೊರಕ್ಕೆ ವಾಲಿದರೆ ಪಾಸಿಟಿವ್) ಕೊಡುತ್ತಿತ್ತು. ಹೊಸದು ಅದನ್ನು ಕಸಿದುಕೊಂಡಿತು. ಸ್ಪ್ರಿಂಗ್ ಮತ್ತು ಡಿಫರೆನ್ಶಿಯಲ್ ನಡುವೆ 25 ಮಿಲಿಮೀಟರ್‌ನ ಲೋಹದ ಬ್ಲಾಕ್ ಕೂರಿಸಿದರೆ ಹಿಂಭಾಗ ತಗ್ಗುತ್ತದೆ. ನೀವು ಸೀಟಿನಲ್ಲಿ ಕುಳಿತಿರುವಾಗ ಅಳೆದರೆ ಹಿಂಚಕ್ರಗಳಲ್ಲಿ ಒಂದರಿಂದ ಎರಡು ಡಿಗ್ರಿ ನೆಗೆಟಿವ್ ಸಿಗುವಂತೆ ನೋಡಿಕೊಳ್ಳಿ. ಮೇಲೇಳುವುದನ್ನೇ ನೇರವಾಗಿ ತಡೆಯುವ ಕ್ಯಾಂಬರ್ ಕಾಂಪೆನ್ಸೇಟರ್ ಎಂಬ ಅಡ್ಡ ಪಟ್ಟಿಯೂ ಇದೆ. ಅದು ನಡುವೆ ಕೀಲು ಹೊಂದಿರುವುದರಿಂದ ಕಾರು ಹೊರಳಲು ಬಿಡುತ್ತದೆ, ಎರಡೂ ಚಕ್ರಗಳು ಒಟ್ಟಿಗೆ ಇಳಿಯಲು ಮಾತ್ರ ಬಿಡುವುದಿಲ್ಲ.

ಈ ಸ್ವಭಾವ ಚಿಕ್ಕ ಕಾರುಗಳಿಗಷ್ಟೇ ಸೀಮಿತವಾದದ್ದಲ್ಲ ಎಂಬುದನ್ನೂ ಹೇಳಬೇಕು. ಮರ್ಸಿಡಿಸ್ 300 ಎಸ್‌ಎಲ್‌ನಂಥ ಹೆಸರಾಂತ ಕಾರಿನಲ್ಲೂ 1954ರಲ್ಲಿ ಎತ್ತರದ ಕೀಲಿನ ಸ್ವಿಂಗ್ ಆಕ್ಸಲ್ ಇತ್ತು. 1957ರ ರೋಡ್‌ಸ್ಟರ್ ಮಾದರಿಗೆ ಕೀಲನ್ನು ಕೆಳಕ್ಕೆ ತಂದರು.

ಎರಡನೆಯ ಉತ್ತರ

ಮೇಲಿನವರು ಬರೆದಿರುವುದನ್ನು ಪೂರ್ಣವಾಗಿ ಒಪ್ಪುತ್ತೇನೆ. ಆದರೆ ಹೊಸ ಭಾಗ ಯಾವುದನ್ನೇ ತರುವ ಮೊದಲು ಕಾರಿನ ಅಡಿಗೆ ಹೋಗಿ ಒಂದು ದಿನ ಕಳೆಯಿರಿ ಎಂದು ನನ್ನ ಒತ್ತಾಯ. ಸವೆದ ಕೀಲುಗಳ ಮೇಲೆ ಮಾಡಿದ ಯಾವ ಅಲೈನ್‌ಮೆಂಟೂ ಎರಡನೆಯ ತಿರುವಿನವರೆಗೆ ನಿಲ್ಲುವುದಿಲ್ಲ.

ಮುಂದಿನ ಟ್ರನಿಯನ್‌ಗಳಿಂದ ಶುರು ಮಾಡಿ. ಚಕ್ರವನ್ನು ಹೊತ್ತ ಉಕ್ಕಿನ ವರ್ಟಿಕಲ್ ಲಿಂಕ್‌ನ ಕೆಳತುದಿ ಹಿತ್ತಾಳೆ ಬಣ್ಣದ ಈ ಟ್ರನಿಯನ್ ಒಳಗೆ ಮರೆಯೊಂದಿಗೆ (ಸ್ಕ್ರೂವಿನಂಥ ಸುರುಳಿ ಗೀರು) ತಿರುಗುತ್ತದೆ. ಸ್ಟಿಯರಿಂಗ್ ತಿರುಗಿಸಿದಾಗಲೆಲ್ಲ ಆ ಮರೆಯೇ ಸವೆಯುವುದು. ಅದಕ್ಕೆ ಹಾಕಬೇಕಾದದ್ದು ಇಪಿ 90 ಗೇರ್ ಆಯಿಲ್, ಗ್ರೀಸ್ ಅಲ್ಲ. ನನ್ನ ಕಾರಿಗೆ ಹಿಂದಿನವರು ವರ್ಷಗಟ್ಟಲೆ ಗ್ರೀಸ್ ತುಂಬಿದ್ದರು. ಬಿಚ್ಚಿದಾಗ ಮೇಲ್ಭಾಗದಲ್ಲಿ ಗಟ್ಟಿಯಾದ ಕಪ್ಪು ಮೇಣದಂಥ ಪದರ, ಅದರ ಕೆಳಗೆ ನೀರು ನಿಂತು ತುಕ್ಕು ತಿಂದ ಮರೆ, ಮರೆ ಆರಂಭವಾಗುವ ಜಾಗದಲ್ಲೇ ಕೂದಲೆಳೆಯಂಥ ಒಂದು ಬಿರುಕು. ಇನ್ನೊಂದು ಸ್ಪರ್ಧೆಗೆ ಹೋಗಿದ್ದರೆ ಮುಂಚಕ್ರ ಮಡಚಿಕೊಳ್ಳುತ್ತಿತ್ತು. ಅಗಲ ಟೈರು ಹಾಕಿ ಓಡಿಸುವವರು ಇದನ್ನು ಪ್ರತಿ ಋತುವಿನ ಮೊದಲು ಬಿಚ್ಚಿ ನೋಡಲೇಬೇಕು.

ಬುಶ್‌ಗಳ, ಅಂದರೆ ಕೀಲುಗಳ ಬೋಲ್ಟ್ ಸುತ್ತ ಕೂರುವ ಬಳೆಗಳ, ವಿಷಯದಲ್ಲಿ ಒಂದು ಎಚ್ಚರಿಕೆ. ರಬ್ಬರ್ ಬುಶ್ ಹಾಕುವಾಗ ಕಾರು ಜ್ಯಾಕ್ ಮೇಲಿರುವಾಗಲೇ ಬೋಲ್ಟ್‌ಗಳನ್ನು ಪೂರ್ತಿ ಬಿಗಿದರೆ, ಕಾರನ್ನು ಇಳಿಸಿದೊಡನೆ ರಬ್ಬರ್ ತಿರುಚಿಕೊಂಡು ಕಾರನ್ನು ಎತ್ತಿ ಹಿಡಿಯುತ್ತದೆ ಮತ್ತು ಬೇಗ ಹರಿದುಹೋಗುತ್ತದೆ. ನಾಲ್ಕೂ ಚಕ್ರ ನೆಲದ ಮೇಲಿದ್ದು, ಕಾರನ್ನು ಕೆಲವು ಬಾರಿ ಅದುಮಿ ಬಿಟ್ಟ ಮೇಲೆ ಕೊನೆಯ ಬಿಗಿತ ಕೊಡಿ. ನಿಮ್ಮ ಹೊಸ ಸ್ಪ್ರಿಂಗ್‌ನ ತುದಿಗಳಲ್ಲೂ ಹೀಗೇ ಆಗಿರಬಹುದು, ಆ ಬೋಲ್ಟ್‌ಗಳನ್ನು ಸಡಿಲಿಸಿ ಮತ್ತೆ ಬಿಗಿದು ಎತ್ತರವನ್ನು ಇನ್ನೊಮ್ಮೆ ಅಳೆಯಿರಿ. ಸ್ಟಿಯರಿಂಗ್ ರ‍್ಯಾಕ್ ಹಿಡಿದಿರುವ ರಬ್ಬರ್‌ಗಳೂ ಎಣ್ಣೆ ಕುಡಿದು ಮೆತ್ತಗಾಗಿರುತ್ತವೆ. ಜೊತೆಗಾರರೊಬ್ಬರು ಸ್ಟಿಯರಿಂಗ್ ಅಲ್ಲಾಡಿಸುವಾಗ ರ‍್ಯಾಕ್ ಪೂರ್ತಿಯಾಗಿ ಪಕ್ಕಕ್ಕೆ ಸರಿಯುವುದು ಕಣ್ಣಿಗೇ ಕಂಡರೆ ಅವನ್ನು ಬದಲಿಸಿ. ಸೂಚನೆ ಸಿಗುವುದಿಲ್ಲ ಎಂದಿರಲ್ಲ, ಅದಕ್ಕೆ ಇದೂ ಒಂದು ಕಾರಣವಿರಬಹುದು.

ಪ್ರಶ್ನೆ ಕೇಳಿದವರು

ಇಬ್ಬರಿಗೂ ಹೃತ್ಪೂರ್ವಕ ಧನ್ಯವಾದಗಳು. ಬಾರ್ ಕೊಳ್ಳುವ ಯೋಚನೆ ಬಿಟ್ಟೆ. ಗಾಳಿಯ ಒತ್ತಡದ ಬಗ್ಗೆ ಯಾರೂ ಹೇಳಲಿಲ್ಲ. ಸ್ವಿಂಗ್ ಸ್ಪ್ರಿಂಗ್ ಹಾಕಿದರೆ ಐತಿಹಾಸಿಕ ಕಾರುಗಳ ವರ್ಗದಲ್ಲಿ ಅಡ್ಡಿಯಾಗುತ್ತದೆಯೇ ಎಂಬುದನ್ನೂ ತಿಳಿಸಿದರೆ ಉಪಕಾರವಾಗುತ್ತದೆ.

ಮೂರನೆಯ ಉತ್ತರ

ನಿಯಮದ ಪ್ರಶ್ನೆಯಿಂದಲೇ ಶುರು ಮಾಡುತ್ತೇನೆ. ಅಂತರರಾಷ್ಟ್ರೀಯ ಮೋಟಾರು ಸ್ಪರ್ಧಾ ಸಂಸ್ಥೆ ಎಫ್‌ಐಎಯ ಅಪೆಂಡಿಕ್ಸ್ ಕೆ (ಐತಿಹಾಸಿಕ ಕಾರುಗಳ ನಿಯಮಾವಳಿ) ಅನುಸರಿಸುವ ಸ್ಪರ್ಧೆಗಳಲ್ಲಿ 1966ರಿಂದ 1969ರವರೆಗಿನ ಕಾರುಗಳು ಒಂದೇ ಅವಧಿಗೆ ಸೇರುತ್ತವೆ, ಆ ಅವಧಿಯ ಸ್ವರೂಪವನ್ನೇ ಕಾರು ಉಳಿಸಿಕೊಂಡಿರಬೇಕು. ಸ್ವಿಂಗ್ ಸ್ಪ್ರಿಂಗ್ 1970ರದ್ದಾದ್ದರಿಂದ ಅಲ್ಲಿ ಆಕ್ಷೇಪ ಬರುವುದು ಖಚಿತವೆಂದೇ ಭಾವಿಸಿ. ಸ್ಥಳೀಯ ಕ್ಲಬ್‌ಗಳ ಆಟೊಕ್ರಾಸ್‌ನಲ್ಲಿ ಸಾಮಾನ್ಯವಾಗಿ ಇಷ್ಟು ಕಟ್ಟುನಿಟ್ಟು ಇರುವುದಿಲ್ಲ, ಆದರೂ ವರ್ಗದ ನಿಯಮ ಪುಸ್ತಕವನ್ನು ಓದಿಯೇ ಸ್ಪ್ಯಾನರ್ ಹಿಡಿಯಿರಿ. ಬ್ಲಾಕ್ ಹಾಕಿ ತಗ್ಗಿಸುವುದರಿಂದ ಮತ್ತು ಅಲೈನ್‌ಮೆಂಟ್‌ನಿಂದಲೇ ನಿಮಗೆ ಹೆಚ್ಚಿನ ಲಾಭ ಸಿಗುತ್ತದೆಂದು ನನಗನಿಸುತ್ತದೆ.

ನಾಲ್ಕೂ ಟೈರುಗಳಲ್ಲಿ ಒಂದೇ ಒತ್ತಡ ಇಡುವುದು ಈ ಕಾರಿಗೆ ಸಲ್ಲದು. ತಯಾರಕರ ಕೈಪಿಡಿಯೇ ಹಿಂದಿನ ಟೈರುಗಳಿಗೆ ಮುಂದಿನವುಗಳಿಗಿಂತ ಹೆಚ್ಚು ಒತ್ತಡ ಸೂಚಿಸುತ್ತದೆ. ಹಿಂಭಾಗ ಮೊದಲು ಜಾರದಿರಲಿ ಎಂಬುದೇ ಅದರ ಉದ್ದೇಶ. ಮುಂದೆ ನಾಲ್ಕೈದು ಪಿಎಸ್‌ಐ ಇಳಿಸಿ ಆರಂಭಿಸಿ. ಟೈರಿನ ಅಂಚಿನಿಂದ ಪಕ್ಕದ ಗೋಡೆಯವರೆಗೆ ಸೀಮೆಸುಣ್ಣದಿಂದ ಮೂರು ಕಡೆ ಅಡ್ಡಗೆರೆ ಎಳೆಯಿರಿ. ಒಂದು ಓಟ ಮುಗಿಸಿ ಬಂದಾಗ ಗೆರೆ ಅಂಚಿನವರೆಗಷ್ಟೇ ಅಳಿಸಿದ್ದರೆ ಒತ್ತಡ ಸರಿ ಇದೆ. ಗೋಡೆಯ ಮೇಲೂ ಅಳಿಸಿದ್ದರೆ ಟೈರು ಮಡಚುತ್ತಿದೆ. ನಿಮ್ಮ ಹಿಂದಿನ ಟೈರುಗಳಲ್ಲಿ ಮಾತ್ರ ಎಚ್ಚರಿಕೆಯಿಂದ ಓದಬೇಕು. ಹೊರ ಅಂಚಿನ ಗೆರೆ ಅಳಿಸಿಹೋಗಿ ಒಳಬದಿಯ ಮೈಮೇಲೆ ಧೂಳು ಹಾಗೇ ಉಳಿದಿದ್ದರೆ ಅದು ಗಾಳಿಯ ದೋಷವಲ್ಲ, ಕ್ಯಾಂಬರ್ ದೋಷ.

ಮುಂಚಕ್ರಗಳಿಗೆ ಒಂದು ಡಿಗ್ರಿ ನೆಗೆಟಿವ್ ಕ್ಯಾಂಬರ್ ಸಾಕು. ಕೆಳಗಿನ ವಿಶ್‌ಬೋನ್ (ಚಕ್ರವನ್ನು ಹಿಡಿದಿರುವ ತೋಳು) ಷಾಸಿಗೆ ಸೇರುವಲ್ಲಿರುವ ಶಿಮ್‌ಗಳಿಂದ (ತೆಳು ಲೋಹದ ಬಿಲ್ಲೆಗಳು) ಅದನ್ನು ಹೊಂದಿಸಬಹುದು. ಹಿಂದಿನ ಟೋ, ಅಂದರೆ ಮೇಲಿನಿಂದ ನೋಡಿದಾಗ ಚಕ್ರಗಳ ಮುಂತುದಿ ಒಳಕ್ಕೆ (ಟೋ-ಇನ್) ಅಥವಾ ಹೊರಕ್ಕೆ (ಟೋ-ಔಟ್) ತಿರುಗಿರುವುದನ್ನು ಬದಲಿಸಲು, ಹಿಂಚಕ್ರವನ್ನು ಹಿಡಿದಿರುವ ರೇಡಿಯಸ್ ಆರ್ಮ್‌ನ ಬ್ರ್ಯಾಕೆಟ್ ಬಳಿ ಶಿಮ್‌ಗಳಿವೆ. ತೀರ ಸಣ್ಣ ಟೋ-ಇನ್ ಇಡಿ, ಟೋ-ಔಟ್ ಎಂದೂ ಬೇಡ. ಒಂದು ಸಲಕ್ಕೆ ಒಂದನ್ನೇ ಬದಲಿಸಿ, ಬದಲಿಸಿದ್ದನ್ನು ಬರೆದಿಡಿ.

ಚಾಲನೆಯೂ ಬದಲಾಗಬೇಕು. ಬ್ರೇಕ್ ಹಾಕುವುದನ್ನು ನೇರ ರಸ್ತೆಯಲ್ಲೇ ಮುಗಿಸಿ, ತಿರುವಿಗೆ ಸ್ವಲ್ಪ ನಿಧಾನವಾಗಿ ಇಳಿದು, ಒಳಗೆ ಇರುವಷ್ಟು ಹೊತ್ತೂ ಆಕ್ಸಿಲರೇಟರ್ ಮೇಲೆ ಹಗುರವಾಗಿ ಕಾಲಿಟ್ಟಿರಿ. ಆ ಅಲ್ಪ ಎಳೆತ ಹಿಂಭಾಗವನ್ನು ಕುಳ್ಳಿರಿಸಿಡುತ್ತದೆ. 1965ರ ಲೆ ಮಾನ್ಸ್ 24 ಗಂಟೆಗಳ ಸ್ಪರ್ಧೆಯಲ್ಲಿ ಸ್ಪಿಟ್‌ಫೈರ್‌ಗಳು ಒಟ್ಟಾರೆ 13 ಮತ್ತು 14ನೆಯ ಸ್ಥಾನ ಪಡೆದು ತಮ್ಮ ವರ್ಗವನ್ನು ಗೆದ್ದಿದ್ದವು. ನಿಮ್ಮ ಕಾರಿನ ಮೇಲೆ ವಿಶ್ವಾಸವಿಡಿ.

ಪ್ರಶ್ನೆ ಕೇಳಿದವರು, ಆರು ವಾರಗಳ ನಂತರ

ನಡೆದದ್ದನ್ನು ತಿಳಿಸಲು ಮರಳಿ ಬಂದಿದ್ದೇನೆ. ಮೊದಲ ಅಳತೆಯಲ್ಲಿ, ನಾನು ಸೀಟಿನಲ್ಲಿದ್ದಾಗಲೂ ಹಿಂಚಕ್ರಗಳಲ್ಲಿ ಎಡದ್ದು ಎರಡು, ಬಲದ್ದು ಒಂದೂವರೆ ಡಿಗ್ರಿ ಪಾಸಿಟಿವ್ ಇದ್ದವು. ಸ್ಪ್ರಿಂಗ್ ತುದಿಯ ಬೋಲ್ಟ್‌ಗಳನ್ನು ನೆಲದ ಮೇಲೆ ಮತ್ತೆ ಬಿಗಿದಾಗಲೇ ಅರ್ಧ ಡಿಗ್ರಿ ಇಳಿಯಿತು. ಬ್ಲಾಕ್ ಕೂರಿಸಿದ ಮೇಲೆ ಎರಡೂ ಕಡೆ ಒಂದು ಡಿಗ್ರಿಗಿಂತ ತುಸು ಹೆಚ್ಚು ನೆಗೆಟಿವ್ ಬಂದಿದೆ. ಟ್ರನಿಯನ್‌ಗಳಲ್ಲಿ ಬಿರುಕಿರಲಿಲ್ಲ, ಆದರೆ ಎಡಬದಿಯದರಲ್ಲಿ ಸಡಿಲಾಟ ಹೆಚ್ಚಾಗಿದ್ದುದರಿಂದ ಲಿಂಕ್ ಸಹಿತ ಬದಲಿಸಿದೆ. ಮುಂದೆ 25, ಹಿಂದೆ 30 ಪಿಎಸ್‌ಐ ಇಟ್ಟಿದ್ದೇನೆ.

ಕಳೆದ ಭಾನುವಾರದ ಆಟೊಕ್ರಾಸ್‌ನಲ್ಲಿ, ಸುತ್ತಲೂ ಬಯಲಿದ್ದ ಅಗಲವಾದ ಒಂದು ತಿರುವಿನಲ್ಲಿ, ಬೇಕೆಂದೇ ಮೆಲ್ಲಗೆ ಕಾಲು ಎತ್ತಿ ನೋಡಿದೆ. ಹಿಂಭಾಗ ಜಾರಿತು, ಆದರೆ ನಿಧಾನವಾಗಿ, ಸ್ಟಿಯರಿಂಗ್‌ನಲ್ಲಿ ಮೊದಲೇ ತಿಳಿಯುವಂತೆ ಜಾರಿತು. ಒಂದಿಷ್ಟು ಎದುರು ತಿರುಗಿಸಿದೊಡನೆ ಸರಿಹೋಯಿತು. ಹಿಂದಿನ ಟೈರುಗಳ ಒಳಬದಿಯಲ್ಲಿ ಇನ್ನೂ ಒಂದು ಬೆರಳಿನಗಲ ಧೂಳು ಉಳಿಯುತ್ತಿದೆ. ಮುಂದಿನ ವಾರ ಮುಂಭಾಗಕ್ಕೆ 22 ಮಿಲಿಮೀಟರ್‌ನ ಬಾರ್ ಹಾಕಿ, ಬೇರೇನನ್ನೂ ಮುಟ್ಟದೆ, ಮತ್ತೆ ಸೀಮೆಸುಣ್ಣ ಹಿಡಿಯುತ್ತೇನೆ.