ಅವತ್ತು ಫ್ಯಾನ್ ಹಚ್ಚಿದವಳು ನಾನೇ

ಎಲ್ಲರಿಗೂ ನಮಸ್ಕಾರ. ಟೈಪ್ ಮಾಡುತ್ತಾ ಕೂತರೆ ಸಂಜೆ ಆಗುತ್ತದೆ, ಅದಕ್ಕೇ ಮಾತಾಡಿಯೇ ಕಳಿಸುತ್ತಿದ್ದೇನೆ. ಸ್ವಲ್ಪ ಉದ್ದ ಆಗಬಹುದು, ರೊಟ್ಟಿ ಬಡಿಯುತ್ತಾ ಕೇಳಿ.

ನಿನ್ನೆ ರಾತ್ರಿ ಶಿಲ್ಪಾ ಅಂಗಾಂಗ ದಾನದ ಫಾರ್ಮ್ ತುಂಬುತ್ತೇನೆ ಅಂತ ಗ್ರೂಪಿನಲ್ಲಿ ಹಾಕಿದಳು. ಕಾಕಾ, ನೀವು "ಅಪಶಕುನದ ಮಾತು ಬ್ಯಾಡ, ಹಂಗ ಬರಕೊಟ್ರ ದವಾಖಾನ್ಯಾಗ ಉಳಸೂದಿಲ್ಲ" ಅಂದಿರಿ. ಆಮೇಲೆ ಯಾರದೂ ಮಾತಿಲ್ಲ, ಬರೀ ಕೈ ಮುಗಿಯುವ ಚಿತ್ರ ನಾಲ್ಕು ಬಂದವು. ನಾನೂ ಸುಮ್ನೆ ಇರಬಹುದಿತ್ತು. ಆದರೆ ನಮ್ಮವ್ವನ ವಿಷಯ ನಿಮಗೆ ಯಾರಿಗೂ ಪೂರ್ತಿ ಹೇಳಿಲ್ಲ.

ಅವ್ವ ಹೋದದ್ದು ಮುಂಜಾನೆ ಐದಕ್ಕೆ, ಗದಗಿನ ಮನೆಯಲ್ಲೇ. ಸೆಕೆ ಅಂತ ನಾನೇ ಫ್ಯಾನ್ ಹಚ್ಚಿದೆ, ಜೋರಾಗಿ. ಹಾವೇರಿಯವರಿಗೆ ಹೇಳಬೇಕು, ರಾಣೆಬೆನ್ನೂರಿನವರು ಬರಬೇಕು, ಐನೋರು ಬರಬೇಕು, ಹೂವು ತರಬೇಕು. ಮಧ್ಯಾಹ್ನ ಎರಡಕ್ಕೆ ಆಧಾರ್ ಕಾರ್ಡ್ ಹುಡುಕಲು ತಿಜೋರಿ ತೆಗೆದೆ. ಇಳಕಲ್ ಸೀರೆಯ ಮಡಿಕೆಯಲ್ಲಿ ನೇತ್ರದಾನದ ಕಾರ್ಡ್ ಸಿಕ್ಕಿತು. ಯಾವಾಗಲೋ ಕಣ್ಣಿನ ಶಿಬಿರಕ್ಕೆ ಹೋದಾಗ ಸಹಿ ಮಾಡಿದ್ದಾಳೆ. ಸಹಿ ಅವ್ವನದೇ, ಕೊನೆಯ 'ವ್ವ' ಯಾವತ್ತೂ ಗೆರೆ ಬಿಟ್ಟು ಕೆಳಗೆ ಇಳಿದಿರುತ್ತಿತ್ತು. ಹಿಂದುಗಡೆ ಇದ್ದ ನಂಬರಿಗೆ ಫೋನ್ ಹಚ್ಚಿದೆ. ಆ ಕಡೆಯ ಹುಡುಗ ಮೊದಲು ಕೇಳಿದ್ದು, "ಎಷ್ಟ್ ತಾಸಾತ್ರೀ?" ಒಂಬತ್ತು ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದ. ಆರು ತಾಸಿನೊಳಗೆ ತೆಗೆಯಬೇಕಿತ್ತು ಅಕ್ಕಾರ, ಅಂದ. ಫ್ಯಾನ್ ಇತ್ತೇನು ಅಂತಲೂ ಕೇಳಿದ. ಗಾಳಿಗೆ ಕಣ್ಣು ಒಣಗುತ್ತದೆ. ಫ್ಯಾನ್ ಬಂದ್ ಮಾಡಿ, ರೆಪ್ಪೆ ಮುಚ್ಚಿ, ಮೇಲೆ ಒದ್ದೆ ಹತ್ತಿ ಇಟ್ಟು, ತಲೆಗೆ ದಿಂಬು ಕೊಟ್ಟು, ಐ ಬ್ಯಾಂಕಿಗೆ ಫೋನ್ ಮಾಡಬೇಕಿತ್ತು. ಊರಿಗೆಲ್ಲ ಆಮೇಲೆ. ನಾನು ಎಲ್ಲ ಉಲ್ಟಾ ಮಾಡಿದೆ.

ಅವತ್ತು ನಮ್ಮವರೇ ಒಬ್ಬರು ಸಮಾಧಾನ ಮಾಡಿದರು. "ಚಲೋ ಆತು ಬಿಡು, ಕಣ್ಣು ತಗದಿದ್ರ ವಿಭೂತಿ ಹಚ್ಚಿ ಕೂಡಿಸಿದಾಗ ಮುಖ ನೋಡಾಕ ಆಗ್ತಿರಲಿಲ್ಲ" ಅಂತ. ಯಾರು ಅಂತ ಹೇಳುವುದಿಲ್ಲ, ಗ್ರೂಪಿನಲ್ಲೇ ಇದ್ದಾರೆ. 2021ರಲ್ಲಿ ಅಪ್ಪು ಹೋದಾಗ ಕಣ್ಣು ಕೊಟ್ಟ ಮೇಲೇ ಅಲ್ವಾ ಕಂಠೀರವ ಸ್ಟೇಡಿಯಂನಲ್ಲಿ ಇಟ್ಟಿದ್ದು? ಟಿವಿ ಮುಂದೆ ಅಳುತ್ತಾ ಆ ಮುಖ ನೋಡಿದೆವಲ್ಲ, ಯಾರಿಗಾದರೂ ಏನಾದರೂ ಗೊತ್ತಾಯಿತಾ? ನಾಟಿ ಮಾಡಲು ಬೇಕಾಗುವುದು ಕಣ್ಣಿನ ಮುಂದಿರುವ ಗಾಜಿನಂಥ ತೆಳು ಪೊರೆ, ಕಾರ್ನಿಯಾ. ಅಪ್ಪು ಅವರದನ್ನು ಮುಂದಿನ ಪದರ, ಹಿಂದಿನ ಪದರ ಅಂತ ಬಿಡಿಸಿ ನಾಲ್ಕು ಜನಕ್ಕೆ ಹಾಕಿದರು. ವಯಸ್ಸು, ಶುಗರ್, ಚಶ್ಮಾ, ಮೋತಿಬಿಂದು ಆಪರೇಷನ್, ಯಾವುದೂ ಇದಕ್ಕೆ ಅಡ್ಡಿ ಅಲ್ಲ.

ಈಗ ಕಾಕಾ, ನಿಮ್ಮ ಭಯ. ಕಿಡ್ನಿ, ಲಿವರ್, ಹೃದಯ ಮನೆಯಲ್ಲಿ ಸತ್ತವರಿಂದ ಬರುವುದೇ ಇಲ್ಲ. ಐಸಿಯುನಲ್ಲಿ ವೆಂಟಿಲೇಟರ್ ಮೇಲಿದ್ದು, ಮೆದುಳು ಪೂರ್ತಿ ಸತ್ತಿದೆ ಅಂತ ಖಾತ್ರಿ ಆಗಬೇಕು. ಅದನ್ನು ಹೇಳಲು ನಾಲ್ಕು ಡಾಕ್ಟರು, ಕಡಿಮೆ ಅಂದರೂ ಆರು ತಾಸು ಬಿಟ್ಟು ಎರಡು ಸಲ ಪರೀಕ್ಷೆ. ಕಸಿ ಮಾಡುವ ಡಾಕ್ಟರು ಆ ನಾಲ್ವರಲ್ಲಿ ಇರುವಂತಿಲ್ಲ. 1994ರಿಂದ ಕಾಯ್ದೆಯೇ ಇದೆ, ಅಂಗ ಮಾರಿದರೆ, ಕೊಂಡರೆ ಜೈಲು. ಮೆದುಳು ಸಾಯುವುದು ಅಂದರೆ ಕೋಮಾ ಅಲ್ಲ, ಕೋಮಾದಿಂದ ಎದ್ದು ಬಂದವರಿದ್ದಾರೆ.

ನಟ ಸಂಚಾರಿ ವಿಜಯ್ ಬೈಕಿನಿಂದ ಬಿದ್ದರಲ್ಲ, ಅವರ ಅಂಗಾಂಗ ಬೇರೆಯವರಿಗೆ ಸಿಕ್ಕಿದ್ದು ಮನೆಯವರು ಹೂಂ ಅಂದದ್ದಕ್ಕೆ. ಕಾರ್ಡ್ ಇದ್ದರೂ ಆ ಹೊತ್ತಿನಲ್ಲಿ ಹತ್ತಿರದವರ ಒಪ್ಪಿಗೆ ಕೇಳುತ್ತಾರೆ. ಬಿಡ್ತು ಅನ್ನಿ ಕಾಕಾ, ಶಿಲ್ಪಾ ನೂರು ವರ್ಷ ಬಾಳಲಿ, ಆದರೆ ಸಹಿ ಕೇಳುವುದು ನಿಮ್ಮನ್ನೇ. ಹದಿನೆಂಟು ದಾಟಿದವಳು, ನಿಮಗೆ ಹೇಳದೆಯೂ ಫಾರ್ಮ್ ತುಂಬಬಹುದಿತ್ತು. ಅವ್ವ ಸೀರೆಯಲ್ಲಿ ಮುಚ್ಚಿಟ್ಟದ್ದನ್ನು ಇವಳು ಎಲ್ಲರ ಮುಂದೆ ಹೇಳಿದ್ದಾಳೆ. ಬೈಯಬೇಡಿ.

ಶಿಲ್ಪಾ, ಅಂಗಾಂಗ ಕಸಿ ನೋಡಿಕೊಳ್ಳುವ ಕೇಂದ್ರ ಸರ್ಕಾರದ ಸಂಸ್ಥೆ ನೊಟ್ಟೋ ಅಂತ ಇದೆ, ಅದರ ವೆಬ್‌ಸೈಟಿನಲ್ಲಿ ಆಧಾರ್ ಹಾಕಿ ತುಂಬಬಹುದು, ಒಟಿಪಿ ಬರುತ್ತದೆ, ಮೊಬೈಲ್ ಹತ್ತಿರ ಇಟ್ಟುಕೋ. ಯಾವ ಯಾವ ಅಂಗ, ಅಂಗಾಂಶ ಅಂತ ನೀನೇ ಆರಿಸಬೇಕು. ಮನಸ್ಸು ಬದಲಾದರೆ ವಾಪಸ್ ತೆಗೆದುಕೊಳ್ಳಲೂ ಬರುತ್ತದೆ. ನಮ್ಮ ರಾಜ್ಯದಲ್ಲಿ ಇದನ್ನೆಲ್ಲ ನೋಡಿಕೊಳ್ಳುವುದು ಜೀವಸಾರ್ಥಕತೆ.

ನನ್ನದೂ ಕೇಳಿಸಿಕೊಳ್ಳಿ. ಕಣ್ಣು ಕೊಡಿ, ಬೇರೆ ಏನು ಉಪಯೋಗಕ್ಕೆ ಬಂದರೂ ಕೊಡಿ. ಐ ಬ್ಯಾಂಕಿನ ನಂಬರು ಅಡುಗೆಮನೆ ಕ್ಯಾಲೆಂಡರಿನಲ್ಲಿ, ಗ್ಯಾಸಿನ ನಂಬರಿನ ಕೆಳಗೇ ಬರೆದಿದ್ದೇನೆ. ನಮ್ಮ ಮನೆಯವರಿಗೆ ಚಶ್ಮಾ ಸಿಗದಿದ್ದರೂ ಓದಲು ಬರಲಿ ಅಂತ ದೊಡ್ಡದಾಗಿ. ಹುಬ್ಬಳ್ಳಿಯಿಂದ ಐ ಬ್ಯಾಂಕಿನವರು ಗದಗಿಗೆ ಬರಲು ಒಂದೂವರೆ ತಾಸು ಹಿಡಿಯಬಹುದು, ತಡ ಮಾಡಬೇಡಿ.

ಕಾಕಾ, ನೀವು ಈಗಲೇ ಏನೂ ಬರೆಯಬೇಡಿ. ಭಾನುವಾರ ಧಾರವಾಡಕ್ಕೆ ಬರುತ್ತೇನೆ. ಕಾಕುಗೆ ಮಂಡಕ್ಕಿ ಒಗ್ಗರಣೆ ಹಾಕಿಡಲು ಹೇಳಿ, ಮಿರ್ಚಿ ನಾನು ತರುತ್ತೇನೆ. ಕೂತು ಮಾತಾಡೋಣ.