ಟಾರ್ ಅರ್ಧದಲ್ಲೇ ನಿಲ್ಲುತ್ತಿದೆ, ಎಲ್ಲಿಂದ ಸರಿಪಡಿಸಲು ಶುರುಮಾಡಲಿ?

ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ಟಾರ್, ಅಂದರೆ ನಮ್ಮ ಗುರುತು ಮರೆಮಾಡಿ ನೆಟ್ ಬಳಸಲು ಬಿಡುವ ಜಾಲ, ಬಳಸಿ ಅನುಭವ ಇರುವವರು ದಯವಿಟ್ಟು ಸ್ವಲ್ಪ ದಾರಿ ತೋರಿಸಿ. ನನ್ನ ಲ್ಯಾಪ್‌ಟಾಪ್‌ನಲ್ಲಿ ವಿಂಡೋಸ್, ಲಿನಕ್ಸ್ ಎರಡೂ ಇವೆ. ಮನೆಯ ನೆಟ್‌ನಲ್ಲಿ ವಿಂಡೋಸ್‌ನಿಂದ ಟಾರ್ ಬ್ರೌಸರ್ ಚೆನ್ನಾಗಿ ನಡೆಯುತ್ತದೆ. ಅದೇ ನೆಟ್‌ನಲ್ಲಿ ಲಿನಕ್ಸ್‌ಗೆ ಬಂದರೆ ಸಂಪರ್ಕ ಆಗುವಾಗ 30 ಪರ್ಸೆಂಟ್ ಹತ್ತಿರ ನಿಂತುಬಿಡುತ್ತದೆ. ಹಾಸ್ಟೆಲ್ ವೈ-ಫೈನಲ್ಲಿ ಎರಡೂ ಕಡೆ 10 ದಾಟುವುದಿಲ್ಲ. ಲಿನಕ್ಸ್‌ನಲ್ಲಿ ಪ್ರತ್ಯೇಕವಾಗಿ ಟಾರ್ ಪ್ಯಾಕೇಜ್ ಕೂಡ ಇದೆ, ಅದರ ಟಾರ್‌ಆರ್‌ಸಿ ಎಂಬ ಸೆಟ್ಟಿಂಗ್ ಫೈಲ್‌ನಲ್ಲಿ ಎಕ್ಸಿಟ್‌ನೋಡ್ಸ್‌ಗೆ (ಸಂಚಾರ ಟಾರ್‌ನಿಂದ ಹೊರಬರುವ ಕಂಪ್ಯೂಟರ್‌ಗಳು) ಮೂರು ದೇಶ, ಜೊತೆಗೆ ಸ್ಟ್ರಿಕ್ಟ್‌ನೋಡ್ಸ್ 1 ಎಂದು ಬರೆದಿದೆ. ನೆಟ್‌ನಿಂದ ಪುಟ ತರುವ ಕರ್ಲ್‌ನಂಥ ಕಮಾಂಡ್‌ಗಳನ್ನೂ ಟಾರ್ ಮೂಲಕ ಕಳಿಸಬೇಕು. ನಾನು ಓದುತ್ತಿರುವುದು ಮನೆಯವರೊಬ್ಬರ ಕಾಯಿಲೆಯ ಬಗ್ಗೆ. ಆ ಹುಡುಕಾಟ ಜಾಹೀರಾತುಗಳಾಗಿ ನಮ್ಮ ಬೆನ್ನು ಹತ್ತುವುದು ಬೇಡ, ಅಷ್ಟೇ.

ಹಲವು ವರ್ಷಗಳಿಂದ ಬಳಸುತ್ತಿರುವವರು

ಮೊದಲು ಯಾವ ಸೆಟ್ಟಿಂಗನ್ನೂ ಮುಟ್ಟಬೇಡಿ, ಲಾಗ್ (ಟಾರ್ ತಾನು ಮಾಡಿದ್ದನ್ನು ಬರೆದಿಡುವ ದಾಖಲೆ) ಓದಿ. ಟಾರ್ ಬ್ರೌಸರ್‌ನ ಸೆಟ್ಟಿಂಗ್ಸ್‌ನಲ್ಲಿ ಕನೆಕ್ಷನ್ ವಿಭಾಗದ ಕೊನೆಗೆ ಹೋದರೆ ಟಾರ್ ಲಾಗ್ ನೋಡುವ ಬಟನ್ ಇದೆ. ನೀವು ಹೇಳಿದ ಎರಡು ಅಂಕಿಗಳಿಂದಲೇ ಅರ್ಧ ಗೊತ್ತಾಗುತ್ತದೆ. 5ರಲ್ಲಿ ನಿಂತರೆ ಮೊದಲ ರಿಲೇವರೆಗೂ (ನಿಮ್ಮ ಸಂಚಾರವನ್ನು ಮುಂದೆ ದಾಟಿಸುವ ಟಾರ್ ಕಂಪ್ಯೂಟರ್) ತಲುಪಿಲ್ಲ ಎಂದು. 10ರಲ್ಲಿ ನಿಂತರೆ ತಲುಪಿದೆ, ಆದರೆ ಕೈಕುಲುಕುವ ಹಂತ, ಅಂದರೆ ಹ್ಯಾಂಡ್‌ಶೇಕ್, ಮುಗಿಯುತ್ತಿಲ್ಲ. ನಡುವೆ ಯಾರೋ ತಡೆಯುತ್ತಿರುವ ಸಾಧ್ಯತೆ ಹೆಚ್ಚು. 25, 30ರಲ್ಲಿ ನಿಂತರೆ ಸಂಪರ್ಕ ಆಗಿದೆ, ರಿಲೇಗಳ ಒಟ್ಟು ಪಟ್ಟಿಯನ್ನು ಪಡೆಯುವ ಅಥವಾ ಒಪ್ಪಿಕೊಳ್ಳುವ ಕಡೆ ತೊಡಕಿದೆ. 50ರ ಮೇಲೆ ನಿಧಾನವಾಗಿ ತೆವಳುತ್ತಿದ್ದರೆ ಸಾಮಾನ್ಯವಾಗಿ ನೆಟ್ ನಿಧಾನ, ಕಾಯಬೇಕು.

ಹಾಗಾಗಿ ನಿಮಗಿರುವುದು ಒಂದು ತೊಂದರೆಯಲ್ಲ, ಎರಡು. ಹಾಸ್ಟೆಲ್‌ನದು ಬೇರೆ, ಲಿನಕ್ಸ್‌ನದು ಬೇರೆ. ಎರಡಕ್ಕೂ ಒಂದೇ ಮದ್ದು ಹುಡುಕಿದರೆ ಯಾವುದೂ ವಾಸಿಯಾಗುವುದಿಲ್ಲ.

ಇನ್ನೊಂದು ಮಾತು: ಲಿನಕ್ಸ್ ಪ್ಯಾಕೇಜ್‌ನ ಟಾರ್‌ಆರ್‌ಸಿಗೂ ಟಾರ್ ಬ್ರೌಸರ್‌ಗೂ ಸಂಬಂಧವೇ ಇಲ್ಲ. ಬ್ರೌಸರ್ ತನ್ನದೇ ಟಾರ್ ಅನ್ನು, ತನ್ನದೇ ಫೋಲ್ಡರ್‌ನಲ್ಲಿರುವ ಫೈಲ್ ಓದಿ ಓಡಿಸುತ್ತದೆ. ಒಂದನ್ನು ತಿದ್ದಿ ಇನ್ನೊಂದು ಸರಿಹೋಗಲಿ ಎಂದು ಕಾಯುವವರನ್ನು ಬಹಳ ನೋಡಿದ್ದೇನೆ.

ಎರಡು ಓಎಸ್ ಇಟ್ಟುಕೊಂಡಿರುವವರು

30ರಲ್ಲಿ ನಿಲ್ಲುವುದಕ್ಕೆ ನನ್ನ ಮೊದಲ ಅನುಮಾನ ಗಡಿಯಾರದ ಮೇಲೆ. ಲಾಗ್‌ನಲ್ಲಿ ‘ಕ್ಲಾಕ್’ ಎಂಬ ಪದ ಹುಡುಕಿ. ನಿಮ್ಮ ಗಡಿಯಾರ ಇಷ್ಟು ಗಂಟೆ ಹಿಂದಿದೆ ಅಥವಾ ಮುಂದಿದೆ ಎಂದು ಟಾರ್ ತಾನೇ ಬರೆದಿರುತ್ತದೆ.

ಕಾರಣ ಹೀಗೆ. ರಿಲೇಗಳ ಪಟ್ಟಿಯನ್ನು ಡೈರೆಕ್ಟರಿ ಅಥಾರಿಟಿಗಳು ಎಂಬ ಟಾರ್‌ನ ಕೆಲವು ಸರ್ವರ್‌ಗಳು ಗಂಟೆಗೊಮ್ಮೆ ಒಟ್ಟಾಗಿ ಸಹಿ ಹಾಕಿ ಹೊರಡಿಸುತ್ತವೆ. ಆ ಪಟ್ಟಿಯ ಮೇಲೆ ಇಂಥ ಹೊತ್ತಿನಿಂದ ಇಂಥ ಹೊತ್ತಿನವರೆಗೆ ಎಂಬ ಅವಧಿ ಇರುತ್ತದೆ, ಸಾಮಾನ್ಯವಾಗಿ 3 ಗಂಟೆ. ನಿಮ್ಮ ಯಂತ್ರ ಬೇರೆ ಯಾವುದೋ ಹೊತ್ತಿನಲ್ಲಿದ್ದರೆ ಆ ಪಟ್ಟಿಯನ್ನು ನಂಬಲು ಟಾರ್ ಹಿಂದೇಟು ಹಾಕುತ್ತದೆ. ಕೆಲವು ನಿಮಿಷ ಆಚೀಚೆ ಆದರೆ ತೊಂದರೆಯಿಲ್ಲ, ಗಂಟೆಗಳ ಲೆಕ್ಕಕ್ಕೆ ಹೋದಾಗ ಕಾಟ ಶುರು. ಟಾರ್ ಒಳಗೆ ಮಾತ್ರ ತೆರೆಯುವ ಆನಿಯನ್ ವಿಳಾಸಗಳಂತೂ ಸಮಯದ ಮೇಲೆ ಇನ್ನೂ ಹೆಚ್ಚು ಅವಲಂಬಿತ.

ಎರಡು ಓಎಸ್ ಇರುವ ಯಂತ್ರದಲ್ಲಿ ಇದು ಪದೇ ಪದೇ ಆಗುತ್ತದೆ. ಮದರ್‌ಬೋರ್ಡ್‌ನ ಗಡಿಯಾರದಲ್ಲಿ ಇರುವುದು ಸ್ಥಳೀಯ ಸಮಯ ಎಂದು ವಿಂಡೋಸ್ ನಂಬುತ್ತದೆ, ಯುಟಿಸಿ (ಜಗತ್ತಿಗೆಲ್ಲ ಒಂದೇ ಆದ ಪ್ರಮಾಣ ಸಮಯ) ಎಂದು ಲಿನಕ್ಸ್ ನಂಬುತ್ತದೆ. ಒಂದರಿಂದ ಇನ್ನೊಂದಕ್ಕೆ ಹೋದಾಗಲೆಲ್ಲ ನಿಮ್ಮ ಟೈಮ್‌ಝೋನ್ ವ್ಯತ್ಯಾಸದಷ್ಟು ಸಮಯ ಜಾರುತ್ತದೆ. ಲಿನಕ್ಸ್‌ನಲ್ಲಿ ಟೈಮ್‌ಡೇಟ್‌ಸಿಟಿಎಲ್ ಕಮಾಂಡ್ ಕೊಟ್ಟು ಯುಟಿಸಿ ಸಾಲನ್ನು ಫೋನ್ ತೋರಿಸುವ ಯುಟಿಸಿ ಸಮಯದೊಂದಿಗೆ ಹೋಲಿಸಿ, ನೆಟ್‌ನಿಂದ ಸಮಯ ತೆಗೆದುಕೊಳ್ಳುವ ವ್ಯವಸ್ಥೆ ಆನ್ ಮಾಡಿ. ಕಣ್ಣಿಗೆ ಕಾಣುವ ಗಂಟೆ ಸರಿಯಿದ್ದರೆ ಸಾಲದು. ಟೈಮ್‌ಝೋನ್ ತಪ್ಪಾಗಿದ್ದು ಗಂಟೆಯನ್ನು ಕೈಯಾರೆ ತಿರುಗಿಸಿದ್ದರೆ ಒಳಗಿನ ಯುಟಿಸಿ ತಪ್ಪಾಗಿಯೇ ಉಳಿಯುತ್ತದೆ, ಟಾರ್ ನೋಡುವುದು ಅದನ್ನೇ.

ಬಿಗಿ ನೆಟ್‌ವರ್ಕ್‌ಗಳಲ್ಲಿ ಬಳಸಿದವರು

ಹಾಸ್ಟೆಲ್‌ನ ವಿಷಯಕ್ಕೆ ಬರುತ್ತೇನೆ. ಅಲ್ಲಿ ಬೇಕಾಗಿರುವುದು ಬ್ರಿಡ್ಜ್ ಎಂಬ ಗುಟ್ಟಿನ ರಿಲೇ. ಸಾಮಾನ್ಯ ರಿಲೇಗಳ ವಿಳಾಸಗಳು ಎಲ್ಲರಿಗೂ ಸಿಗುವ ಪಟ್ಟಿಯಲ್ಲಿವೆ, ತಡೆಯುವವರಿಗೂ ಅದೇ ಪಟ್ಟಿ ಸಿಗುತ್ತದೆ. ಬ್ರಿಡ್ಜ್‌ಗಳು ಆ ಪಟ್ಟಿಯಲ್ಲಿ ಇರುವುದಿಲ್ಲ. 2022ರ 11.5 ಆವೃತ್ತಿಯಿಂದ ಟಾರ್ ಬ್ರೌಸರ್‌ನಲ್ಲಿ ಕನೆಕ್ಷನ್ ಅಸಿಸ್ಟ್ ಇದೆ, ನೇರ ಸಂಪರ್ಕ ಆಗದಿದ್ದರೆ ನಿಮ್ಮನ್ನು ಕೇಳಿ ಅದೇ ಬ್ರಿಡ್ಜ್ ಪ್ರಯತ್ನಿಸುತ್ತದೆ. ಮೊದಲು ಅದಕ್ಕೆ ಅವಕಾಶ ಕೊಡಿ.

ಅದರಿಂದ ಆಗದಿದ್ದರೆ ಬ್ರಿಡ್ಜ್‌ಗಳ ಸ್ವಭಾವ ತಿಳಿದು ಆರಿಸಬೇಕು. ಒಬಿಎಫ್‌ಎಸ್4 ನಿಮ್ಮ ಸಂಚಾರವನ್ನು ಯಾವ ಪ್ರೋಟೋಕಾಲಿಗೂ ಹೋಲದ ಅರ್ಥವಿಲ್ಲದ ಬೈಟ್‌ಗಳಂತೆ ಮಾಡುತ್ತದೆ. ಬಹಳ ಕಡೆ ಇದೇ ಸಾಕು, ವೇಗವೂ ಚೆನ್ನ. ಆದರೆ ಪರಿಚಯದ ಪ್ರೋಟೋಕಾಲನ್ನು ಮಾತ್ರ ಒಳಗೆ ಬಿಡುವ ಫೈರ್‌ವಾಲ್ ಇದ್ದರೆ, ಯಾವುದಕ್ಕೂ ಹೋಲದಿರುವುದೇ ಅಲ್ಲಿ ತೊಡಕು. ಜೊತೆಗೆ ಒಬಿಎಫ್‌ಎಸ್4 ಬ್ರಿಡ್ಜ್‌ಗಳು ಎಷ್ಟೋ ಸಲ ವಿಚಿತ್ರ ಪೋರ್ಟ್ ಸಂಖ್ಯೆಗಳಲ್ಲಿರುತ್ತವೆ, ವೆಬ್ ಬಳಸುವ 80 ಮತ್ತು 443 ಮಾತ್ರ ತೆರೆದಿರುವ ನೆಟ್‌ನಲ್ಲಿ ಅವು ಸತ್ತಂತೆಯೇ.

ಸ್ನೋಫ್ಲೇಕ್ ಸ್ವಯಂಸೇವಕರ ಬ್ರೌಸರ್‌ಗಳ ಮೂಲಕ, ವೆಬ್‌ಆರ್‌ಟಿಸಿ ಬಳಸಿ ಹೋಗುತ್ತದೆ. ಹೊರಗಿನವರಿಗೆ ವಿಡಿಯೋ ಕಾಲ್‌ನಂಥ ಸಂಚಾರ ಕಾಣುತ್ತದೆ. ವೇಗ ನಿಮಗೆ ಸಿಕ್ಕ ಸ್ವಯಂಸೇವಕರ ನೆಟ್ ಹೇಗಿದೆಯೋ ಹಾಗೆ, ಅವರು ಬ್ರೌಸರ್ ಮುಚ್ಚಿದರೆ ಮತ್ತೊಬ್ಬರು ಸಿಗುವವರೆಗೆ ನಿಲ್ಲುತ್ತದೆ. ವಿಡಿಯೋ ಕಾಲ್‌ಗಳು ಬಳಸುವ ಯುಡಿಪಿ ಎಂಬ ಸಾಗಣೆ ವಿಧಾನ ಮುಚ್ಚಿರುವ ನೆಟ್‌ನಲ್ಲಿ ಇದು ಏಳುವುದೇ ಕಷ್ಟ, ಹಾಸ್ಟೆಲ್‌ಗಳಲ್ಲಿ ಯುಡಿಪಿ ಮುಚ್ಚಿರುವುದು ಸಾಮಾನ್ಯ.

ನಾನಾಗಿದ್ದರೆ ನಿಮ್ಮ ಜಾಗದಲ್ಲಿ ವೆಬ್‌ಟನಲ್ ಪ್ರಯತ್ನಿಸುತ್ತಿದ್ದೆ. 2024ರಲ್ಲಿ ಎಲ್ಲರಿಗೂ ಬಂದದ್ದು. ಮಾಮೂಲಿ ಎಚ್‌ಟಿಟಿಪಿಎಸ್ ಜಾಲತಾಣಕ್ಕೆ ಹೋದಂತೆ ಕಾಣುತ್ತದೆ, ಅದನ್ನು ಮುಚ್ಚಲು ಹೋದರೆ ನೆಟ್ ನಡೆಸುವವರು ಸಾಮಾನ್ಯ ವೆಬ್‌ಗೇ ಪೆಟ್ಟು ಕೊಡಬೇಕಾಗುತ್ತದೆ. ಟಾರ್ ಪ್ರಾಜೆಕ್ಟ್‌ನ ಬ್ರಿಡ್ಜ್ ಪುಟದಲ್ಲಿ ಕೇಳಿದರೆ ಸಿಗುತ್ತದೆ.

ಅಲ್ಲಿ ಸಿಗುವ ಬ್ರಿಡ್ಜ್ ಸಾಲನ್ನು, ಅಂದರೆ ಬ್ರಿಡ್ಜ್‌ನ ವಿಳಾಸ ಇರುವ ಸಾಲನ್ನು, ನಕಲು ಮಾಡುವಾಗ ಹುಷಾರು. ಅದು ಎಷ್ಟೇ ಉದ್ದವಿದ್ದರೂ ಒಂದೇ ಸಾಲು. ಚಾಟ್ ಆಪ್ ಮೂಲಕ ಕಳಿಸಿಕೊಂಡಾಗ ನಡುವೆ ಮುರಿದರೆ, ಕೊನೆಯ ಭಾಗ ಕಳಚಿಕೊಂಡರೆ ಕೆಲಸ ಮಾಡುವುದಿಲ್ಲ. ಮತ್ತು ದಯವಿಟ್ಟು ನಿಮ್ಮ ಬ್ರಿಡ್ಜ್ ಸಾಲನ್ನು ಇಲ್ಲಿ ಹಾಕಬೇಡಿ. ನಾಲ್ಕು ಜನರಿಗೆ ಗೊತ್ತಾದ ಬ್ರಿಡ್ಜ್ ಬೇಗ ಮುಚ್ಚಿಹೋಗುತ್ತದೆ, ಅದನ್ನೇ ನಂಬಿಕೊಂಡವರು ಬೇರೆ ಕಡೆ ಇರುತ್ತಾರೆ. ಲಾಗ್ ಹಂಚುವ ಮುನ್ನವೂ ಒಮ್ಮೆ ಕಣ್ಣಾಡಿಸಿ.

ಇದನ್ನೂ ಹೇಳಲೇಬೇಕು: ಬ್ರಿಡ್ಜ್ ಇಲ್ಲದಿದ್ದರೆ ನೀವು ಟಾರ್ ಬಳಸುತ್ತಿದ್ದೀರಿ ಎಂಬುದು ನೆಟ್ ನಡೆಸುವವರಿಗೆ ಕಾಣುತ್ತದೆ, ಏನು ಓದುತ್ತಿದ್ದೀರಿ ಎಂಬುದು ಕಾಣುವುದಿಲ್ಲ. ಬ್ರಿಡ್ಜ್ ಇದ್ದರೆ ಮೊದಲನೆಯದೂ ಕಷ್ಟವಾಗುತ್ತದೆ, ಅಸಾಧ್ಯವಾಗುವುದಿಲ್ಲ. ಟಾರ್ ಬಳಕೆಯೇ ತೊಂದರೆ ತರುವ ಜಾಗದಲ್ಲಿದ್ದರೆ ಇದನ್ನು ಯೋಚಿಸಿಯೇ ಮುಂದುವರಿಯಿರಿ.

ಸರ್ವರ್ ನೋಡಿಕೊಳ್ಳುವವರು

ಕರ್ಲ್ ಬಗ್ಗೆ. ಲಿನಕ್ಸ್ ಪ್ಯಾಕೇಜ್‌ನ ಟಾರ್ 9050 ಪೋರ್ಟ್‌ನಲ್ಲಿ, ಟಾರ್ ಬ್ರೌಸರ್ 9150ರಲ್ಲಿ ಕೇಳಿಸಿಕೊಳ್ಳುತ್ತದೆ. ‘ಕನೆಕ್ಷನ್ ರಿಫ್ಯೂಸ್ಡ್’ ಬಂದರೆ ಬಹುತೇಕ ಈ ಎರಡನ್ನು ಅದಲುಬದಲು ಮಾಡಿರುತ್ತೀರಿ, ಅಥವಾ ಸೇವೆ ಓಡುತ್ತಿಲ್ಲ. ಡೆಬಿಯನ್ ಮತ್ತು ಅದರ ಬಳಗದಲ್ಲಿ ಟಾರ್ ಸೇವೆಯ ಸ್ಥಿತಿ ಕೇಳಿದರೆ ‘ಆಕ್ಟಿವ್, ಎಕ್ಸಿಟೆಡ್’ ಎಂದು ತೋರಿಸುತ್ತದೆ. ಗಾಬರಿ ಬೇಡ, ಅದು ಹೆಸರಿಗಷ್ಟೇ ಇರುವ ಸೇವೆ. ನಿಜವಾದದ್ದು ಟಾರ್@ಡಿಫಾಲ್ಟ್, ಲಾಗ್ ಕೂಡ ಅದರದ್ದನ್ನೇ ನೋಡಬೇಕು.

ಅದಕ್ಕಿಂತ ಮುಖ್ಯ ಡಿಎನ್‌ಎಸ್, ಅಂದರೆ ಜಾಲತಾಣದ ಹೆಸರಿನಿಂದ ಅದರ ಐಪಿ ವಿಳಾಸ ಹುಡುಕುವ ವ್ಯವಸ್ಥೆ. ಕರ್ಲ್‌ಗೆ ಟಾರ್‌ಗೆ ಹೋಗುವ ದಾರಿಯಾಗಿ ಬರೀ ಸಾಕ್ಸ್5 ಎಂದು ಕೊಟ್ಟರೆ ಅದು ಜಾಲತಾಣದ ಹೆಸರನ್ನು ನಿಮ್ಮ ಮಾಮೂಲಿ ನೆಟ್‌ನಲ್ಲೇ ಕೇಳಿಕೊಂಡು, ಐಪಿ ವಿಳಾಸವನ್ನು ಮಾತ್ರ ಟಾರ್‌ಗೆ ಕೊಡುತ್ತದೆ. ಎಲ್ಲಿಗೆ ಹೊರಟಿರಿ ಎಂಬುದು ಅಲ್ಲೇ ಸೋರಿಹೋಯಿತು. ಸಾಕ್ಸ್5ಎಚ್ ಎಂದು ಕೊಡಿ, ಹೆಸರು ಹುಡುಕುವ ಕೆಲಸವೂ ಟಾರ್ ಒಳಗೇ ಆಗುತ್ತದೆ. ನಿಮ್ಮ ಅಪ್ಲಿಕೇಶನ್ ಐಪಿ ವಿಳಾಸ ಮಾತ್ರ ಕೊಡುತ್ತಿದೆ ಎಂಬ ಎಚ್ಚರಿಕೆ ಲಾಗ್‌ನಲ್ಲಿ ಕಂಡರೆ ಇದೇ ಕಾರಣ, ಅದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಪಿಂಗ್ ಮಾಡಿ ಪರೀಕ್ಷಿಸಲು ಹೋಗಬೇಡಿ, ಟಾರ್ ಟಿಸಿಪಿಯನ್ನು ಮಾತ್ರ ಸಾಗಿಸುತ್ತದೆ, ಪಿಂಗ್ ಟಿಸಿಪಿ ಅಲ್ಲ.

ಕರ್ಲ್‌ಗೆ ಟಾರ್ ಸರಿ, ಆದರೆ ಓದುವುದಕ್ಕೆ ನಿಮ್ಮ ದಿನಬಳಕೆಯ ಬ್ರೌಸರ್ ಅನ್ನು 9050ಕ್ಕೆ ತಿರುಗಿಸಬೇಡಿ. ಐಪಿ ಬದಲಾದರೂ ನಿಮ್ಮ ಕುಕೀಗಳು, ಪರದೆಯ ಅಳತೆ, ಫಾಂಟ್‌ಗಳು ಎಲ್ಲವೂ ನೀವೇ ಎಂದು ಸಾರುತ್ತವೆ. ಕಾಯಿಲೆಯ ಹುಡುಕಾಟ ಬೆನ್ನು ಹತ್ತಬಾರದು ಎಂದಿರಲ್ಲ, ಅದಕ್ಕೆ ಟಾರ್ ಬ್ರೌಸರ್ರೇ ಬೇಕು. ಅದರಲ್ಲೂ ಎಕ್ಸ್‌ಟೆನ್ಶನ್ ಸೇರಿಸಬೇಡಿ, ಎಲ್ಲರ ಹಾಗೆ ಕಾಣುವುದೇ ಅದರ ಬಲ.

ರಿಲೇ ನಡೆಸುವವರು

ಆ ಎಕ್ಸಿಟ್‌ನೋಡ್ಸ್ ಸಾಲುಗಳನ್ನು ದಯವಿಟ್ಟು ತೆಗೆಯಿರಿ. ಮೂರೇ ದೇಶಕ್ಕೆ ಕಟ್ಟಿಹಾಕಿದರೆ ಹೊರಬರುವ ಬಾಗಿಲುಗಳು ಕಡಿಮೆಯಾಗುತ್ತವೆ, ನಿಮ್ಮನ್ನು ಗುರುತಿಸುವ ಕೆಲಸ ಹಗುರಾಗುತ್ತದೆ, ವೇಗವೂ ಕೆಡುತ್ತದೆ. ಸ್ಟ್ರಿಕ್ಟ್‌ನೋಡ್ಸ್ ಅಂತೂ ಎಕ್ಸಿಟ್‌ನೋಡ್ಸ್‌ಗೆ ಅನ್ವಯಿಸುವುದೇ ಇಲ್ಲ, ಅದು ಬಳಸಬಾರದ ರಿಲೇಗಳನ್ನು ಹೇಳುವ ಎಕ್ಸ್‌ಕ್ಲೂಡ್‌ನೋಡ್ಸ್‌ಗಾಗಿ ಇರುವುದು. ಆದರೂ ಎಷ್ಟೋ ಟ್ಯುಟೋರಿಯಲ್‌ಗಳಲ್ಲಿ ಜೋಡಿಯಾಗಿ ಸುತ್ತುತ್ತಿರುತ್ತದೆ. ಫೈಲ್ ತಿದ್ದಿದ ಮೇಲೆ ವೆರಿಫೈ-ಕಾನ್ಫಿಗ್ ಆಯ್ಕೆಯೊಂದಿಗೆ ಟಾರ್ ಓಡಿಸಿ, ತಪ್ಪಿದ್ದರೆ ಹೇಳುತ್ತದೆ.

ಐ2ಪಿ ಬಳಸುವವರು

ಯಾರಾದರೂ ಗುರುತು ಮರೆಮಾಡುವ ಇನ್ನೊಂದು ಜಾಲವಾದ ಐ2ಪಿಗೆ ಬದಲಾಯಿಸಿ ಎಂದರೆ: ನಿಮ್ಮ ಕೆಲಸಕ್ಕೆ ಅದು ಸರಿಹೊಂದುವುದಿಲ್ಲ. ಅದು ಮುಖ್ಯವಾಗಿ ತನ್ನೊಳಗಿನ ತಾಣಗಳಿಗಾಗಿ ಇರುವ ಜಾಲ. ಗಡಿಯಾರ ತಪ್ಪಿದ್ದರೆ ಅದೂ ತಕರಾರು ಮಾಡುತ್ತದೆ.

ಪ್ರಶ್ನೆ ಕೇಳಿದವರು

ಎಲ್ಲರಿಗೂ ಧನ್ಯವಾದ. ಲಿನಕ್ಸ್‌ನಲ್ಲಿ ಗಡಿಯಾರವೇ ಕಾರಣವಾಗಿತ್ತು, ಈಗ ನೇರವಾಗಿ 100ಕ್ಕೆ ಹೋಗುತ್ತದೆ. ಹಾಸ್ಟೆಲ್‌ನಲ್ಲಿ ಸ್ನೋಫ್ಲೇಕ್ ಏಳಲಿಲ್ಲ, ವೆಬ್‌ಟನಲ್ ಹಿಡಿಯಿತು. ಕೆಲವು ಆರೋಗ್ಯ ತಾಣಗಳು ಮಾತ್ರ ಕ್ಯಾಪ್ಚಾ ಕೇಳುತ್ತಲೇ ಇವೆ. ಒಟ್ಟಾರೆ ಸ್ವಲ್ಪ ನಿಧಾನ. ಟಾರ್‌ನ ಡೇಟಾ ಫೋಲ್ಡರ್ ಅಳಿಸಿದರೆ ವೇಗವಾಗುತ್ತದೆ ಎಂದು ಒಬ್ಬರು ಹೇಳಿದರು, ಮಾಡಲೇ?

ರಿಲೇ ನಡೆಸುವವರು

ಬೇಡ. ಪ್ರತಿ ಸಂಪರ್ಕವೂ ಮೂರು ರಿಲೇ ದಾಟುತ್ತದೆ. ಮೊದಲನೆಯದಾದ ಗಾರ್ಡ್ ಅನ್ನು ಟಾರ್ ಬೇಕೆಂದೇ ತಿಂಗಳುಗಟ್ಟಲೆ ಬದಲಿಸುವುದಿಲ್ಲ. ಪದೇ ಪದೇ ಹೊಸ ಗಾರ್ಡ್ ಆರಿಸುತ್ತಾ ಹೋದರೆ ಯಾವತ್ತೋ ಒಂದು ದಿನ ಕೆಟ್ಟವರ ರಿಲೇ ಸಿಗುವ ಅಪಾಯ ಏರುತ್ತದೆ. ಫೋಲ್ಡರ್ ಅಳಿಸುವುದು ಆ ರಕ್ಷಣೆಯನ್ನೇ ಅಳಿಸಿದಂತೆ.

ಹಾಸ್ಟೆಲ್‌ನಲ್ಲಿ ನಿಮ್ಮ ಬ್ರಿಡ್ಜೇ ಗಾರ್ಡ್‌ನ ಜಾಗದಲ್ಲಿದೆ, ಅದು ನಿಧಾನವಿದ್ದರೆ ಇನ್ನೊಂದು ವೆಬ್‌ಟನಲ್ ಸಾಲು ಪಡೆದು ಹಾಕಿ. ಕ್ಯಾಪ್ಚಾಗೆ ಕಾರಣ ಬೇರೆ: ಎಕ್ಸಿಟ್ ರಿಲೇಗಳ ವಿಳಾಸಗಳು ಬಹಿರಂಗ, ಕೆಲವು ತಾಣಗಳು ಅವನ್ನು ಅನುಮಾನದಿಂದ ನೋಡುತ್ತವೆ. ವಿಳಾಸಪಟ್ಟಿಯ ಪಕ್ಕದ ಸರ್ಕ್ಯೂಟ್ (ಮೂರು ರಿಲೇಗಳ ದಾರಿ) ಗುರುತನ್ನು ಒತ್ತಿ ಆ ತಾಣಕ್ಕೆ ಮಾತ್ರ ಹೊಸ ಸರ್ಕ್ಯೂಟ್ ಕೇಳಿ. ನ್ಯೂ ಐಡೆಂಟಿಟಿ ಒತ್ತಿದರೆ ತೆರೆದ ಟ್ಯಾಬ್‌ಗಳೆಲ್ಲ ಮುಚ್ಚಿಹೋಗುತ್ತವೆ, ಓದುತ್ತಿರುವ ಪುಟದ ವಿಳಾಸ ಬೇಕಿದ್ದರೆ ಮೊದಲೇ ಬರೆದಿಟ್ಟುಕೊಳ್ಳಿ.