ಮನೆಯಲ್ಲೇ ಪಾಠ, ಮನೆಯಲ್ಲೇ ವ್ಯಾಪಾರ: ಚಿಕ್ಕಮಗಳೂರಿಂದ ಒಂದು ಉತ್ತರ

ಎಲ್ಲರಿಗೂ ನಮಸ್ಕಾರ.

ಅಮೆರಿಕದಿಂದ ಊರಿಗೆ ವಾಪಸ್ ಬಂದ ಮೇಲೂ ಹೊರದೇಶದ ಕನ್ನಡಿಗರ ಈ ಗುಂಪು ಬಿಟ್ಟಿಲ್ಲ, ಓದುತ್ತಲೇ ಇರುತ್ತೇನೆ. ಈಚೆಗೆ ಮೂರ್ನಾಲ್ಕು ಜನ ಒಂದೇ ಪ್ರಶ್ನೆಯನ್ನು ಬೇರೆ ಬೇರೆ ಥರ ಕೇಳಿದ್ದೀರಿ. ಹಾಸನ, ಚಿಕ್ಕಮಗಳೂರು ಕಡೆ ಬಂದು ನೆಲೆಸಿ, ಮಕ್ಕಳನ್ನು ಶಾಲೆಗೆ ಕಳಿಸದೆ ಮನೆಯಲ್ಲೇ ಪಾಠ ಹೇಳಿಕೊಂಡು (ಹೋಮ್‌ಸ್ಕೂಲಿಂಗ್), ಮನೆಯಿಂದಲೇ ಒಂದು ಸಣ್ಣ ವ್ಯಾಪಾರ ನಡೆಸಬಹುದಾ? ನಿಮ್ಮ ಟೈಮ್‌ಟೇಬಲ್ ಕಳಿಸಿ ಅಕ್ಕಾ ಅಂತಲೂ ಒಬ್ಬರು ಬರೆದಿದ್ದರು. ಇದ್ದರೆ ತಾನೆ ಕಳಿಸೋದು! ಗಂಟೆಗಳನ್ನು ಪಾಲು ಮಾಡಿ ಗೋಡೆಗೆ ಅಂಟಿಸುವ ಚಾರ್ಟು ಸಣ್ಣ ಮಕ್ಕಳಿರುವ ಮನೆಯಲ್ಲಿ ಒಂದು ವಾರ ಬಾಳುವುದಿಲ್ಲ. ನಮ್ಮಲ್ಲಿ ನಡೆಯುತ್ತಿರುವುದು ಬೇರೆ ಲೆಕ್ಕ. ಸ್ವಲ್ಪ ಉದ್ದವಾಗುತ್ತದೆ, ಓದಿಕೊಳ್ಳಿ.

ನಮ್ಮ ಮನೆಯ ಸ್ಥಿತಿ ಮೊದಲು ಹೇಳಿಬಿಡುತ್ತೇನೆ. ಮಗಳಿಗೆ ಎಂಟು, ಮಗನಿಗೆ ಐದು. ಮಗಳಿಗೆ ಡಾಲಸ್‌ನಲ್ಲಿದ್ದಾಗಲೇ ಮನೆಪಾಠ ಶುರುವಾಗಿತ್ತು. ಯಜಮಾನರು ಅಮೆರಿಕದ ಕಂಪನಿಗೆ ಇಲ್ಲಿಂದಲೇ ಕೆಲಸ ಮಾಡುತ್ತಾರೆ. ಸಂಜೆಯಿಂದ ನಡುರಾತ್ರಿ ದಾಟುವವರೆಗೆ ಅವರು ಕೈಗೆ ಸಿಗುವುದಿಲ್ಲ, ಬೆಳಗ್ಗೆ ನಿದ್ದೆ. ನಾನು ಕಾಫಿ ಬೀಜ ಹುರಿದು, ಪುಡಿ ಮಾಡಿ ಮಾರುತ್ತೇನೆ. ಅತ್ತೆ ಜೊತೆಗಿದ್ದಾರೆ. ಅತ್ತೆಯ ವಿಷಯ ಮುಖ್ಯ. ಮನೆಯಲ್ಲಿ ಇನ್ನೊಬ್ಬರು ದೊಡ್ಡವರು ಇಲ್ಲದೆ ಈ ಎರಡೂ ಸಲೀಸಾಗಿ ನಡೆಯುತ್ತದೆ ಅಂತ ಯಾರಾದರೂ ಹೇಳಿದರೆ ನಾನಂತೂ ನಂಬುವುದಿಲ್ಲ.

ಈಗ ಆ ಲೆಕ್ಕಕ್ಕೆ ಬರುತ್ತೇನೆ. ನಮ್ಮ ಸರ್ಕಾರಿ ಶಾಲೆಗಳ ನಲಿ-ಕಲಿ ನಿಮಗೆ ಗೊತ್ತಿರಬಹುದು. 1995ರಲ್ಲಿ ಎಚ್.ಡಿ. ಕೋಟೆ ತಾಲ್ಲೂಕಿನಲ್ಲಿ ಯುನಿಸೆಫ್ ನೆರವಿನಿಂದ ಶುರುವಾಗಿದ್ದು. ಆಂಧ್ರದ ಋಷಿ ವ್ಯಾಲಿಯ ಶಾಲೆಗಳನ್ನು ನೋಡಿಕೊಂಡು ಬಂದ ಮೇಷ್ಟ್ರುಗಳೇ ಕೂತು ಕಟ್ಟಿದ ಪದ್ಧತಿ. ಆಮೇಲೆ ಒಂದರಿಂದ ಮೂರನೇ ತರಗತಿವರೆಗೆ ರಾಜ್ಯಕ್ಕೆಲ್ಲಾ ಬಂತು. ಒಬ್ಬರೇ ಟೀಚರ್, ಒಂದೇ ಕೋಣೆ, ಬೇರೆ ಬೇರೆ ವಯಸ್ಸಿನ ಮಕ್ಕಳು. ಅಲ್ಲಿ ಮಕ್ಕಳನ್ನು ಕೂರಿಸುವುದು ತರಗತಿ ನೋಡಿ ಅಲ್ಲ. ಟೀಚರ್ ಪೂರ್ತಿ ಬೇಕಾದವರು, ಸ್ವಲ್ಪ ಸಾಕಾದವರು, ಜೊತೆಯ ಮಗುವಿನ ಸಹಾಯದಿಂದ ಕಲಿಯುವವರು, ತಾವೇ ಮಾಡಿಕೊಳ್ಳುವವರು, ಹೀಗೆ ಗುಂಪು. ಇಂದು ಒಂದು ಗುಂಪಿನಲ್ಲಿದ್ದ ಮಗು ನಾಳೆ ಇನ್ನೊಂದರಲ್ಲಿ.

ನಾನು ಮಾಡಿದ್ದು ಇಷ್ಟೇ. ಮಕ್ಕಳ ಪಾಠವನ್ನು ಹೀಗೆ ವಿಂಗಡಿಸಿದೆ, ನನ್ನ ವ್ಯಾಪಾರದ ಕೆಲಸವನ್ನೂ ಹೀಗೇ ವಿಂಗಡಿಸಿದೆ. ಯಾವುದಕ್ಕೆ ನಾನು ಪೂರ್ತಿ ಬೇಕು, ಯಾವುದಕ್ಕೆ ಅರ್ಧ ಗಮನ ಸಾಕು, ಯಾವುದು ನಾನಿಲ್ಲದೆಯೂ ನಡೆಯುತ್ತದೆ. ಪೂರ್ತಿ ಬೇಕಾದ ಎರಡು ಕೆಲಸ ಒಂದೇ ಹೊತ್ತಿಗೆ ಬರಬಾರದು. ಉಳಿದಿದ್ದೆಲ್ಲಾ ಹೊಂದಿಕೊಳ್ಳುತ್ತದೆ.

ಹುರಿಯುವುದನ್ನೇ ತಗೊಳ್ಳಿ. ನಮ್ಮದು ಒಂದು ಕಿಲೋದ ಸಣ್ಣ ಡ್ರಮ್ ರೋಸ್ಟರ್. ಮೊದಲ ಎಂಟು ಹತ್ತು ನಿಮಿಷ ಬೀಜ ಹಸಿರಿನಿಂದ ಹಳದಿಗೆ, ಹಳದಿಯಿಂದ ಕಂದಿಗೆ ತಿರುಗುತ್ತದೆ, ಅಷ್ಟೇನೂ ಅವಸರವಿಲ್ಲ. ಚಟಪಟ ಅಂತ ಸದ್ದು ಶುರುವಾದ ಮೇಲೆ ಮಾತ್ರ ಕಣ್ಣು ಕಿವಿ ಮೂಗು ಮೂರೂ ಅಲ್ಲೇ ಇರಬೇಕು. ಅಲ್ಲಿಂದ ಎರಡು ಮೂರು ನಿಮಿಷದಲ್ಲಿ ಆ ಬೀಜದ ಹಣೆಬರಹ ತೀರ್ಮಾನ. ಆಗ "ಅಮ್ಮಾ, ಇವನು ನನ್ನ ಪೆನ್ಸಿಲ್ ಕಿತ್ಕೊಂಡ" ಅಂತ ಕೂಗು ಬಂದರೆ ಒಂದು ಕಿಲೋ ಇದ್ದಿಲು. ಹಾಗಾಗಿ ಹುರಿಯುವುದು ಬೆಳಗಿನ ಜಾವ, ಮಕ್ಕಳು ಏಳುವ ಮುಂಚೆ. ಹೊಗೆ, ಬಿಸಿ ಡ್ರಮ್ಮು, ಹಾರುವ ಹೊಟ್ಟು ಇರುವ ಆ ಷೆಡ್ಡಿಗೆ ಮಕ್ಕಳಿಗೆ ಪ್ರವೇಶವೇ ಇಲ್ಲ.

ಹುರಿದ ಬೀಜದಿಂದ ಗಾಳಿ ಹೊರಗೆ ಹೋಗಬೇಕು, ಒಂದು ದಿನವಾದರೂ ಬಿಡಬೇಕು. ನಮಗೆ ಅದು ಅನುಕೂಲವೇ ಆಯಿತು. ಇವತ್ತು ಜಾವದಲ್ಲಿ ಹುರಿದದ್ದನ್ನು ನಾಳೆ ಮಧ್ಯಾಹ್ನ ಪುಡಿ ಮಾಡಿ ಪ್ಯಾಕ್ ಮಾಡಿದರಾಯಿತು. ಪ್ಯಾಕಿಂಗ್ ಅರ್ಧ ಗಮನದ ಕೆಲಸ. ಎದುರಿಗೆ ಮಕ್ಕಳು ಬರೆಯುತ್ತಾ ಕೂತಿರುತ್ತಾರೆ. ತಿಂಡಿ ಆದ ಮೇಲಿನ ಎರಡು ಗಂಟೆ ಮಾತ್ರ ನಾನು ಪೂರ್ತಿ ಮಕ್ಕಳ ಪಾಲು: ಮಗನಿಗೆ ಅಕ್ಷರ, ಮಗಳಿಗೆ ಹೊಸ ಲೆಕ್ಕ. ಈ ವಯಸ್ಸಿಗೆ ಅಷ್ಟು ಧಾರಾಳ ಸಾಕು. ಶಾಲೆಯ ಆರು ಗಂಟೆಯಲ್ಲಿ ಸಾಲು ನಿಲ್ಲುವುದು, ಹಾಜರಿ, ಗಲಾಟೆ ಎಲ್ಲಾ ಸೇರಿರುತ್ತದೆ ಅಲ್ವಾ.

ಆ ಎರಡು ಗಂಟೆ ಫೋನು ಅತ್ತೆಯ ಕೋಣೆಯಲ್ಲಿ. ನನ್ನ ಅನುಭವದಲ್ಲಿ ಮನೆಪಾಠ ಕೆಡಿಸುವುದು ವ್ಯಾಪಾರ ಅಲ್ಲ, ವಾಟ್ಸಾಪ್. ಗಿರಾಕಿಗಳಿಗೆ ಮೊದಲೇ ಹೇಳಿದ್ದೇನೆ, ಉತ್ತರ ಮಧ್ಯಾಹ್ನದ ಮೇಲೆ, ಪಾರ್ಸೆಲ್ ಮಂಗಳವಾರ ಮತ್ತು ಶುಕ್ರವಾರ. ಯಾರೂ ಬೇಜಾರು ಮಾಡಿಕೊಂಡಿಲ್ಲ. ಅಪರಾತ್ರಿಯಲ್ಲಿ "ಪೀಬೆರಿ (ಒಂಟಿ ಕಾಳಿನ ದುಂಡು ಬೀಜ) ಇದೆಯಾ?" ಅಂತ ಕೇಳುವವರು ಈ ಗುಂಪಿನಲ್ಲೇ ಇದ್ದಾರೆ, ಹೆಸರು ಹೇಳುವುದಿಲ್ಲ.

ವ್ಯಾಪಾರವೇ ಪಾಠ ಆಗುವ ಜಾಗಗಳೂ ಇವೆ. ಕಾಫಿಗೆ ಚಿಕೋರಿ ಬೆರೆಸಿ ಮಾರುವುದಾದರೆ ಎಷ್ಟು ಪಾಲು ಅಂತ ಪ್ಯಾಕೆಟ್ ಮೇಲೆ ಬರೆಯಲೇಬೇಕು, ಮತ್ತು ಕಾಫಿ ಶೇ. 51ಕ್ಕಿಂತ ಕಡಿಮೆ ಇರುವಂತಿಲ್ಲ. 250 ಗ್ರಾಂ ಪ್ಯಾಕೆಟ್ಟಿಗೆ 80:20 ಅಂದರೆ ಎಷ್ಟೆಷ್ಟು? 200 ಮತ್ತು 50, ಮಗಳು ಬಾಯಲ್ಲೇ ಹೇಳಿದಳು. 70:30ಕ್ಕೆ ಬಂದಾಗ ಸ್ವಲ್ಪ ತಡವರಿಸಿ, ನೂರು ಗ್ರಾಮಿಗೆ ಮೂವತ್ತು, ಇನ್ನೂರಕ್ಕೆ ಅರವತ್ತು, ಐವತ್ತಕ್ಕೆ ಹದಿನೈದು ಅಂತ ಬೆರಳು ಮಡಚಿ 75ಕ್ಕೆ ಬಂದಳು. ಇನ್ನೊಂದು ದಿನ ಹಸಿ ಬೀಜ 1000 ಗ್ರಾಂ ಇಟ್ಟಿದ್ದು ಹುರಿದ ಮೇಲೆ 840 ತೂಗಿತು. ಮಿಕ್ಕ 160 ಗ್ರಾಂ ಯಾರು ತಿಂದರು? ಅವಳ ಮೊದಲ ಅನುಮಾನ ತಮ್ಮನ ಮೇಲೆ. ನೀರು ಆವಿಯಾಗಿ ಹೋಗಿದ್ದು, ಹೊಟ್ಟು ಹಾರಿದ್ದು ಗೊತ್ತಾಗಲು ಒಂದು ಸಂಜೆ ಹಿಡಿಯಿತು. ತೂಕದ ಪುಸ್ತಕ ಈಗ ಅವಳದ್ದೇ.

ಆದರೆ ಇಲ್ಲಿ ಒಂದು ಗೆರೆ ಬೇಕು. ಬಾಲಕಾರ್ಮಿಕ ಕಾಯ್ದೆಗೆ 2016ರಲ್ಲಿ ಆದ ತಿದ್ದುಪಡಿ ಮನೆಯ ಕಸುಬಿಗೆ ಮಕ್ಕಳು ಕೈಜೋಡಿಸಲು ಬಿಡುತ್ತದೆ, ಶಾಲೆಯ ಸಮಯ ಬಿಟ್ಟು, ಅಪಾಯದ ಕೆಲಸ ಬಿಟ್ಟು. ನಮ್ಮ ಮನೆಯಲ್ಲಿ ಶಾಲೆಯ ಸಮಯ ಯಾವುದು? ಬೆಲ್ ಹೊಡೆಯುವವರು ಯಾರೂ ಇಲ್ಲ. ಹಾಗಾಗಿ ನಾವೇ ಹೊಡೆದುಕೊಳ್ಳಬೇಕು. ಮೊದಲ ನಾಲ್ಕು ಲೇಬಲ್ ಅಂಟಿಸುವುದು ಪಾಠ. ಐವತ್ತನೆಯದು ಕೂಲಿ. ಇನ್‌ಸ್ಟಾಗ್ರಾಮಿನಲ್ಲಿ ಪುಟ್ಟ ಮಕ್ಕಳ ಕೈಯಲ್ಲಿ ಸಾಬೂನು ಕಟ್ಟಿಸಿ "ನಮ್ಮ ಪುಟಾಣಿ ಉದ್ಯಮಿ" ಅಂತ ಹಾಕುವವರನ್ನು ಕಂಡರೆ ನನಗೆ ಅಷ್ಟಕ್ಕಷ್ಟೇ.

ಇನ್ನು ವರ್ಷದ ಲೆಕ್ಕ. ಹೋಮ್‌ಸ್ಕೂಲಿಂಗಿನ ದೊಡ್ಡ ಲಾಭ ಇಲ್ಲಿದೆ ಅನ್ನಿಸುತ್ತದೆ. ನಮ್ಮ ಕಡೆ ಅರೇಬಿಕಾ ಕೊಯ್ಲು ನವೆಂಬರ್‌ನಿಂದ ಜನವರಿ, ಅದರ ಹಿಂದೆಯೇ ರೋಬಸ್ಟಾ. ದಸರೆಯಿಂದ ಫೆಬ್ರವರಿವರೆಗೆ ನನಗೆ ತಲೆ ಕೆರೆದುಕೊಳ್ಳಲೂ ಪುರುಸೊತ್ತಿಲ್ಲ: ಹಬ್ಬದ ಆರ್ಡರು, ಹೊಸ ಬೆಳೆ ನೋಡಲು ತೋಟಗಳಿಗೆ ಓಡಾಟ, ಒಣಗಿದ ಕಾಫಿಯ ಸಿಪ್ಪೆ ತೆಗೆದು ಬೀಜ ವಿಂಗಡಿಸುವ ಕ್ಯೂರಿಂಗ್ ವರ್ಕ್ಸ್‌ಗೆ ಓಡಾಟ. ಆಗ ಪಾಠ ತೆಳು. ಓದುವುದು, ಕಥೆ ಕೇಳುವುದು, ತೋಟಕ್ಕೆ ಜೊತೆಯಲ್ಲಿ ಬರುವುದು. ಕಣದಲ್ಲಿ ಹರಡಿದ ಹಣ್ಣನ್ನು ಕಾಲಲ್ಲಿ ತಿರುವುವುದೆಂದರೆ ಮಗನಿಗೆ ಹಬ್ಬ. ಜೂನ್‌ನಿಂದ ಸೆಪ್ಟೆಂಬರ್ ಜಡಿಮಳೆ, ಕರೆಂಟ್ ಯಾವಾಗ ಬರುತ್ತದೆ ಹೋಗುತ್ತದೆ ಗೊತ್ತಿಲ್ಲ, ಪುಡಿಗೆ ತೇವ ಹಿಡಿಯುವ ಭಯ. ಹುರಿಯುವುದು ಕಡಿಮೆ, ಪಾಠ ಗಟ್ಟಿ. ಹೊರಗೆ ಹೋಗಲೂ ಆಗದ ಆ ನಾಲ್ಕು ತಿಂಗಳಲ್ಲಿ ವರ್ಷದ ಮುಕ್ಕಾಲು ಪಾಠ ಮುಗಿಯುತ್ತದೆ. ಒಂದೇ ತಕರಾರು. ಮಳೆ ಜಾಸ್ತಿ ಅಂತ ಜಿಲ್ಲಾಧಿಕಾರಿಗಳು ಶಾಲೆಗಳಿಗೆ ರಜೆ ಕೊಟ್ಟ ಸುದ್ದಿ ಪಕ್ಕದ ಮನೆಯಿಂದ ಬಂದ ಕೂಡಲೇ ನಮ್ಮಲ್ಲೂ ಪುಸ್ತಕ ಮುಚ್ಚುತ್ತದೆ. "ಡಿಸಿನೇ ಹೇಳಿದ್ದಾರೆ ಅಮ್ಮಾ."

ಕನ್ನಡದ ಬಗ್ಗೆ ಕೇಳಿದವರಿಗೆ: ಕರ್ನಾಟಕ ಪಠ್ಯಪುಸ್ತಕ ಸಂಘದ ಪುಸ್ತಕಗಳೆಲ್ಲ ಅವರ ವೆಬ್‌ಸೈಟಿನಲ್ಲಿ ಪುಕ್ಕಟೆ ಸಿಗುತ್ತವೆ. ಅಮೆರಿಕದಿಂದ ಡಾಲರ್ ಕೊಟ್ಟು ಪೆಟ್ಟಿಗೆಗಟ್ಟಲೆ ಸಿಲಬಸ್ ತರುವ ಮುಂಚೆ ಅದನ್ನು ತೆರೆದು ನೋಡಿ. ಬೇಲೂರಿನ ಅಂಗಡಿಗೆ ಪುಡಿ ಕೊಡಲು ಹೋಗುವ ದಿನ ಮಕ್ಕಳನ್ನೂ ಕರೆದುಕೊಂಡು ಹೋಗುತ್ತೇನೆ. ಇಲ್ಲಿಂದ 25 ಕಿಲೋಮೀಟರ್ ಆಸುಪಾಸು. ಚೆನ್ನಕೇಶವ ದೇವಸ್ಥಾನ 2023ರಲ್ಲಿ ಯುನೆಸ್ಕೋ ಪಟ್ಟಿಗೆ ಸೇರಿತಲ್ಲ, ಅದರ ಗೋಡೆಯ ಆನೆ ಸಾಲು ಎಣಿಸುವುದು ಮಗನ ಕೆಲಸ, ಇನ್ನೂ ಮುಗಿದಿಲ್ಲ. ಅದೇ ತಾಲ್ಲೂಕಿನ ಹಲ್ಮಿಡಿಗೂ ಹೋಗಿದ್ದೆವು. ಕ್ರಿ.ಶ. 450ರ ಸುಮಾರಿನ ಶಾಸನ. ಮೂಲ ಕಲ್ಲು ಮೈಸೂರಿನಲ್ಲಿದೆ, ಊರಲ್ಲಿರುವುದು ಪ್ರತಿಕೃತಿ. ಮಗಳು ಒಂದಕ್ಷರವೂ ಓದಲಾಗದೆ, "ಇದು ಕನ್ನಡಾನೇನಾ?" ಅಂದಳು. ಮನೆಗೆ ಬಂದು ತಾನೇ ಹಳೆಯ ಅಕ್ಷರಗಳನ್ನು ನೋಡಿ ಬರೆಯುತ್ತಾ ಕೂತಳು. ಮೂರು ಆರ್ಡರ್ ಅಷ್ಟರಲ್ಲಿ ಪ್ಯಾಕ್ ಆಯಿತು.

ಕಾನೂನಿನ ಮಾತು. ಶಿಕ್ಷಣ ಹಕ್ಕು ಕಾಯ್ದೆ 2009ರದ್ದು, 2010ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ಆರರಿಂದ ಹದಿನಾಲ್ಕು ವರ್ಷದ ಮಕ್ಕಳಿಗೆ ಅನ್ವಯ. ಅದರಲ್ಲಿ ಹೋಮ್‌ಸ್ಕೂಲಿಂಗ್ ಬೇಡ ಅಂತಲೂ ಇಲ್ಲ, ಸರಿ ಅಂತಲೂ ಇಲ್ಲ. ಆದರೆ ಒಂದು ಧೈರ್ಯ ಇದೆ: ನಡುವೆ ಯಾವಾಗ ಶಾಲೆಗೆ ಸೇರಿಸಬೇಕು ಅನ್ನಿಸಿದರೂ ಮಗುವಿನ ವಯಸ್ಸಿಗೆ ತಕ್ಕ ತರಗತಿಗೆ ಸೇರಿಸಿಕೊಳ್ಳಬೇಕು ಅಂತ ಅದೇ ಕಾಯ್ದೆ ಹೇಳುತ್ತದೆ. ಪರೀಕ್ಷೆ ಬೇಕೆಂದರೆ ಕೇಂದ್ರದ ಮುಕ್ತ ಶಾಲಾ ಸಂಸ್ಥೆ ಎನ್‌ಐಒಎಸ್ ಇದೆ. ಮೂರು, ಐದು, ಎಂಟನೇ ತರಗತಿಗೆ ಸಮನಾದ ಎ, ಬಿ, ಸಿ ಹಂತಗಳು, ಹದಿನಾಲ್ಕು ತುಂಬಿದ ಮೇಲೆ ಹತ್ತನೆಯದು. ಅಲ್ಲಿ ಕನ್ನಡವನ್ನು ಭಾಷೆಯಾಗಿ ತಗೊಳ್ಳಬಹುದು. ಓಸಿಐ ಕಾರ್ಡಿನ ಮಕ್ಕಳಿಗೆ (ಭಾರತೀಯ ಮೂಲದ, ವಿದೇಶಿ ಪೌರತ್ವದವರಿಗೆ) ಈಗ ಏನೂ ತೊಂದರೆ ಇಲ್ಲ. ಆದರೆ 2021ರ ಮಾರ್ಚ್ ಅಧಿಸೂಚನೆಯ ನಂತರ ಕಾರ್ಡ್ ಪಡೆದವರು ನೀಟ್, ಜೆಇಇ ಸೀಟಿನ ವಿಷಯದಲ್ಲಿ ಎನ್‌ಆರ್‌ಐ ಲೆಕ್ಕ. ಇದು ತಲೆಯಲ್ಲಿರಲಿ.

ಶಾಲೆ ಬಿಟ್ಟ ಮಕ್ಕಳ ಸಮೀಕ್ಷೆಗೆ ಸರ್ಕಾರಿ ಶಾಲೆಯ ಟೀಚರ್ ಮನೆಗೇ ಬರುತ್ತಾರೆ, ಗಾಬರಿ ಬೀಳಬೇಡಿ. ನಮ್ಮ ಮನೆಗೂ ಒಬ್ಬರು ಬಂದಿದ್ದರು. ಕೂರಿಸಿ ಕಾಫಿ ಕೊಟ್ಟೆವು. ಮಗಳ ನೋಟ್‌ಬುಕ್ಕು, ತೂಕದ ಪುಸ್ತಕ ತೋರಿಸಿದೆವು. ಅವರು ನಲಿ-ಕಲಿ ಟೀಚರ್, ಮಗನಿಗಾಗಿ ಅಕ್ಷರ ಕಾರ್ಡು ಮಾಡುವ ಬಗೆ ನನಗೇ ಹೇಳಿಕೊಟ್ಟು ಹೋದರು. ಟೀಚರಿಗಿಂತ ಕಷ್ಟ ನೆಂಟರು. ಮದುವೆ ಮನೆಯಲ್ಲಿ "ಶಾಲೆಗೆ ಕಳಿಸಲ್ವಾ? ಅಯ್ಯೋ ಪಾಪ" ಅನ್ನುವವರಿಗೆ ಅತ್ತೆಯೇ ಉತ್ತರ ಕೊಡುತ್ತಾರೆ, ನಾನು ಊಟದ ಸಾಲಿಗೆ ಹೋಗಿಬಿಡುತ್ತೇನೆ.

ವ್ಯಾಪಾರದ ಕಾಗದಪತ್ರ ಬೇಗ ಹೇಳುತ್ತೇನೆ. ತಿನ್ನುವ ಕುಡಿಯುವ ಪದಾರ್ಥ ಯಾವುದೇ ಆದರೂ ಎಫ್‌ಎಸ್‌ಎಸ್‌ಎಐ (ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರ) ನೋಂದಣಿ ಅಥವಾ ಲೈಸೆನ್ಸ್ ಬೇಕು. ನಾವು ಮಾಡಿಸಿದಾಗ ವರ್ಷಕ್ಕೆ 12 ಲಕ್ಷದೊಳಗಿನ ವಹಿವಾಟಿಗೆ ಬರೀ ನೋಂದಣಿ ಸಾಕಿತ್ತು, ಶುಲ್ಕ ವರ್ಷಕ್ಕೆ 100 ರೂಪಾಯಿ. ಸಣ್ಣ ಉದ್ಯಮಗಳ ಸರ್ಕಾರಿ ಉದ್ಯಮ್ ನೋಂದಣಿ ಪುಕ್ಕಟೆ, ದುಡ್ಡು ಕೇಳುವ ವೆಬ್‌ಸೈಟುಗಳನ್ನು ನಂಬಬೇಡಿ. ಜಿಎಸ್‌ಟಿಗೆ 40 ಲಕ್ಷದವರೆಗೆ ಚಿಂತೆಯಿಲ್ಲ ಅನ್ನುತ್ತಾರೆ. ಅದು ಕರ್ನಾಟಕದ ಒಳಗೆ ಸರಕು ಮಾರುವವರಿಗೆ. ಚೆನ್ನೈಗೆ ಒಂದು ಪ್ಯಾಕೆಟ್ ಮಾರಿದರೂ ನೋಂದಣಿ ಬೇಕು. ಮೊದಲ ದಿನವೇ ಒಬ್ಬ ಲೆಕ್ಕಪರಿಶೋಧಕರನ್ನು ಹಿಡಿಯಿರಿ.

ಅಲ್ಲೇ ಇದ್ದುಕೊಂಡು ಶುರು ಮಾಡುತ್ತೇವೆ ಅನ್ನುವವರಿಗೆ ಎರಡು ಮಾತು. ಅಮೆರಿಕದ ಐವತ್ತೂ ರಾಜ್ಯಗಳಲ್ಲಿ ಮನೆಪಾಠಕ್ಕೆ ಅವಕಾಶ ಇದೆ. ಟೆಕ್ಸಾಸ್ ಸಡಿಲ, ನ್ಯೂಯಾರ್ಕ್, ಪೆನ್ಸಿಲ್ವೇನಿಯಾ ಬಿಗಿ. ಆದರೆ ಎಚ್4ನಲ್ಲಿರುವವರು (ಸಂಗಾತಿಯ ಕೆಲಸದ ವೀಸಾದ ಮೇಲೆ ಜೊತೆಗಿರುವವರು) ವರ್ಕ್ ಪರ್ಮಿಟ್ ಕೈಗೆ ಬರುವವರೆಗೆ ಚಕ್ಕುಲಿ ಮಾರುವುದೂ ಬೇಡ, ಪರಿಚಯದವರಿಗೆ ಅಷ್ಟೇ ಅಂತಲೂ ಬೇಡ. ಮ್ಯೂನಿಕ್‌ನವರೇ, ಜರ್ಮನಿಯಲ್ಲಿ ಮಕ್ಕಳು ಶಾಲೆಗೆ ಹೋಗಲೇಬೇಕು, ಅಲ್ಲಿ ಈ ಪ್ರಯೋಗ ಬೇಡವೇ ಬೇಡ.

ಹಾಸನವೋ ಚಿಕ್ಕಮಗಳೂರೋ ಅಂತ ಒದ್ದಾಡುತ್ತಿರುವವರು ವ್ಯಾಪಾರ ನೋಡಿ ತೀರ್ಮಾನಿಸಿ. ಕೊರಿಯರ್, ಬೆಂಗಳೂರಿಗೆ ರೈಲು, ಮಳೆಯಲ್ಲೂ ಓಡಾಟ ಮುಖ್ಯವಾದರೆ ಹಾಸನ ಸಲೀಸು. ಬೀಜ, ತೋಟ, ಬೆಳೆಗಾರರ ಒಡನಾಟ ಬೇಕಾದರೆ ಇಲ್ಲಿ. ಎಲ್ಲಿಗೇ ಬಂದರೂ ಮೊದಲು ಬಾಡಿಗೆ ಮನೆ ಹಿಡಿದು ಒಂದು ಮಳೆಗಾಲ ಕಳೆಯಿರಿ, ರೋಸ್ಟರ್‌ಗೆ ಅಡ್ವಾನ್ಸ್ ಆಮೇಲೆ ಕೊಡಿ. ನಮ್ಮ ಕಡೆ ಮನೆ ನೋಡಲು ಬರುವವರು ಮಂಗಳವಾರ, ಶುಕ್ರವಾರ ಬಿಟ್ಟು ಯಾವಾಗ ಬೇಕಾದರೂ ಬನ್ನಿ. ಬೆಳಗ್ಗೆ ಬಂದರೆ ಮಗನ ಅಕ್ಷರ ಪಾಠಕ್ಕೆ ನಿಮ್ಮನ್ನೂ ಕೂರಿಸುತ್ತೇನೆ.